ಲಜ್ಜೆಯ ಹೊಸ್ತಿಲು

ಮನುಷ್ಯನಿಗೆ ಬರುವ ರೋಗಗಳಲ್ಲಿ ಎರಡು ಜಾತಿ: ಹೇಳಿಕೊಳ್ಳುವ ರೋಗಗಳು, ಹೇಳಿಕೊಳ್ಳಲಾಗದ ರೋಗಗಳು. ಮಂಡಿನೋವು ಮೊದಲನೆಯ ಜಾತಿಗೆ ಸೇರಿದ್ದು. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಯಾರೇ ಆಗಿರಲಿ, ಅವರೆದುರು ಅದರ ಪುರಾಣವನ್ನು ಬಿಚ್ಚಬಹುದು. ಸಕ್ಕರೆ ಕಾಯಿಲೆಗಂತೂ ಒಂದು ಬಗೆಯ ಪ್ರತಿಷ್ಠೆಯೇ ಒದಗಿದೆ. ಹೋಳಿಗೆಯನ್ನು ಬೇಡವೆನ್ನುವಾಗ ಒಮ್ಮೆ, ಅದೇ ಹೋಳಿಗೆಯನ್ನು ಬಡಿಸಿಕೊಳ್ಳುವಾಗ ಇನ್ನೊಮ್ಮೆ ಅದರ ಪ್ರಸ್ತಾಪ ಬರುತ್ತದೆ. ಆದರೆ ಕುಡಿತದ ಮಾತು ಹಾಗಲ್ಲ. ಅದು ರೋಗವೆಂದು ವೈದ್ಯಶಾಸ್ತ್ರ ಹೇಳುತ್ತದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಮದ್ಯ ಮತ್ತು ಮಾದಕ ದ್ರವ್ಯಗಳ ದುರ್ಬಳಕೆಯಿಂದ ಒದಗುವ ಮನಃಸ್ಥಿತಿಗಳನ್ನು ಕಾಯಿಲೆಗಳ ಸಾಲಿನಲ್ಲಿಯೇ ಇರಿಸಿದೆ. ಆದರೆ ನೆರೆಮನೆಯವರ ಶಾಸ್ತ್ರದಲ್ಲಿ ಅದು ಇಂದಿಗೂ ರೋಗವಲ್ಲ, ಗುಣ. ರೋಗಿಗಾದರೆ ಮರುಕ ಸಲ್ಲುತ್ತದೆ. ದುರ್ಗುಣಿಗೆ ಸಲ್ಲುವುದು ಪಿಸುಮಾತು ಮಾತ್ರ.

ಕನ್ನಡದಲ್ಲಿ 'ವ್ಯಸನ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಚಟವೆಂಬುದು ಒಂದು, ದುಃಖವೆಂಬುದು ಇನ್ನೊಂದು. ಬೀದಿಯವರ ಕಣ್ಣಿಗೆ ಬೀಳುವುದು ಮೊದಲನೆಯ ಅರ್ಥ. ಮನೆಯವರು ಅನುಭವಿಸುವುದು ಎರಡನೆಯದನ್ನು.

೨೦೧೯ರಲ್ಲಿ ಕೇಂದ್ರ ಸರ್ಕಾರವು ಮಾದಕ ವಸ್ತುಗಳ ಬಳಕೆಯನ್ನು ಕುರಿತ ರಾಷ್ಟ್ರೀಯ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಅದನ್ನು ನಡೆಸಿದವರು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಜ್ಞರು. ಮದ್ಯಕ್ಕೆ ಪೂರ್ಣವಾಗಿ ಅಧೀನರಾದವರಲ್ಲಿ ಸುಮಾರು ೩೮ ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದಿದ್ದರೆಂದು ಅದರಿಂದ ತಿಳಿದುಬಂದಿತು. ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು ೧೮೦ ಮಂದಿಗೆ ಒಬ್ಬರು. ಉಳಿದವರಲ್ಲಿ ಕೆಲವರಿಗೆ ಹಣವಿರಲಿಕ್ಕಿಲ್ಲ, ಕೆಲವರಿಗೆ ಆಸ್ಪತ್ರೆ ದೂರವಿರಬಹುದು. ಆದರೆ ಹಣವೂ ಇದ್ದು, ಆಸ್ಪತ್ರೆಯೂ ಕೂಗಳತೆಯಲ್ಲಿದ್ದು ಹೋಗಲಾರದವರು ಮಧ್ಯಮ ವರ್ಗದ ಮನೆಗಳಲ್ಲಿ ಅನೇಕರಿದ್ದಾರೆ. ಅವರ ಮನೆಗೂ ಆಸ್ಪತ್ರೆಗೂ ನಡುವೆ ಒಂದು ಬೀದಿ ಇದೆ. ಆ ಬೀದಿಗೆ ಕಣ್ಣುಗಳಿವೆ.

ಹಾಸನದಂಥ ಒಂದು ಜಿಲ್ಲಾಸ್ಥಳವನ್ನೂ ಅಲ್ಲಿಯ ಬ್ಯಾಂಕೊಂದರ ಮ್ಯಾನೇಜರನ್ನೂ ಊಹಿಸಿಕೊಳ್ಳಿ. ವಯಸ್ಸು ಐವತ್ತೆರಡು. ಊರಿನಲ್ಲಿ ಮನೋವೈದ್ಯರಿಲ್ಲದೆ ಇಲ್ಲ. ಆದರೆ ಅವರ ಮುಂದಿನ ಬೆಂಚಿನ ಮೇಲೆ ಕಾದು ಕುಳಿತಿರುವಾಗ ಬ್ಯಾಂಕಿನ ಗಿರಾಕಿಯೊಬ್ಬ ಒಳಗೆ ಬಂದರೆ ಗತಿಯೇನು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವುಂಟೆಂದು ಅವರು ಬಲ್ಲರು. ಆದರೆ ಆ ಹೆಸರು ಕೇಳಿದೊಡನೆ 'ಹುಚ್ಚಾಸ್ಪತ್ರೆ' ಎಂದು ಹುಬ್ಬೇರಿಸುವ ನೆಂಟರು ಊರಿಗೆ ನಾಲ್ವರಾದರೂ ಇರುತ್ತಾರೆ. ಹೀಗಾಗಿ ಸಂಜೆ ಏಳಾದೊಡನೆ ಅವರು ತಮ್ಮ ಕೋಣೆಯನ್ನು ಸೇರುವರು, ಬಾಗಿಲು ಮುಚ್ಚುವುದು. 'ಆಫೀಸಿನ ಲೆಕ್ಕ ನೋಡುತ್ತಿದ್ದಾರೆ' ಎಂದು ಮನೆಯಾಕೆ ಬಂದವರಿಗೆ ಹೇಳುವರು. ಬಿಸಿ ತುಪ್ಪವನ್ನು ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

ಬೆಳಿಗ್ಗೆ ಕಾಫಿಯ ಲೋಟ ಹಿಡಿದಾಗ ಯಜಮಾನರ ಕೈ ನಡುಗುವುದು. 'ಲೋಟ ಬಹಳ ಬಿಸಿ' ಎನ್ನುವರು. ಆಕೆ ಎಷ್ಟೋ ದಿನ ಕಾಫಿಯನ್ನು ಆರಿಸಿಯೇ ಕೊಟ್ಟು ನೋಡಿದ್ದುಂಟು. ಆಗಲೂ ಲೋಟ ಬಿಸಿಯಾಗಿಯೇ ಇರುತ್ತಿತ್ತು.

ಊರ ಗೋಡೆಗಳ ಮೇಲೆ, ರೋಗಿಗೆ ತಿಳಿಯದಂತೆ ಕುಡಿತ ಬಿಡಿಸುವೆವೆಂಬ ಜಾಹೀರಾತುಗಳನ್ನು ಆಕೆ ಕಂಡಿದ್ದರು. ಸಾರಿನಲ್ಲಿ ಬೆರೆಸಿಕೊಟ್ಟರಾಯಿತಂತೆ. ಇಂಥ ಆಸೆ ಸಹಜವಾದುದು, ಆದರೆ ಅಪಾಯಕಾರಿ. ಡೈಸಲ್ಫಿರಾಮ್ ಎಂಬ ಔಷಧ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳತೊಡಗುತ್ತದೆ. ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ ಬರಬಹುದು. ಆದಕಾರಣ ವೈದ್ಯರು ಅದನ್ನು ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆ ಪಡೆದೇ ಕೊಡುತ್ತಾರೆ. ಗುಟ್ಟಾಗಿ ಕೊಟ್ಟ ಪುಡಿಯಲ್ಲಿ ಏನಿದೆಯೆಂಬುದನ್ನು ಕೊಟ್ಟವರೂ ಅರಿಯರು, ತಿಂದವರೂ ಅರಿಯರು. ಪುಣ್ಯಕ್ಕೆ ಆಕೆಯ ಕೈ ಆ ಕೆಲಸಕ್ಕೆ ಮುಂದಾಗಲಿಲ್ಲ.

ಈ ಮನೆಯ ಇತಿಹಾಸದಲ್ಲಿ ೨೦೨೦ರ ವಸಂತಕ್ಕೆ ಒಂದು ಸ್ಥಾನವಿದೆ. ಆ ವರ್ಷ ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು, ಮದ್ಯದಂಗಡಿಗಳೂ ಮುಚ್ಚಿದವು. ನಿತ್ಯವೂ ಕುಡಿಯುವ ದೇಹಕ್ಕೆ ಮದ್ಯ ಹಠಾತ್ತನೆ ನಿಂತರೆ ಆರೇಳು ಗಂಟೆಗಳಲ್ಲಿಯೇ ನಡುಕ, ಬೆವರು, ಓಕರಿಕೆ ಆರಂಭವಾಗಬಹುದು. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಸೆಳವು ಬರುತ್ತದೆ. ಎರಡು ಮೂರು ದಿನಗಳ ತರುವಾಯ ಇಲ್ಲದ್ದು ಕಾಣುವ, ಕೇಳುವ ಸನ್ನಿಯೂ ಉಂಟಾಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಇದು ಸಾವಿನಲ್ಲಿ ಮುಗಿಯುವ ಸಂಭವವುಂಟು. ಆ ವಾರಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಹೆಚ್ಚಾಗಿ ಬಂದುದನ್ನು ವೈದ್ಯರು ದಾಖಲಿಸಿದ್ದಾರೆ. ಕೇರಳ ಸರ್ಕಾರವಂತೂ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಿಸಲು ಆಜ್ಞೆ ಹೊರಡಿಸಿತು. ಏಪ್ರಿಲ್ ೨ರಂದು ಅಲ್ಲಿಯ ಉಚ್ಚ ನ್ಯಾಯಾಲಯ ಅದನ್ನು ತಡೆಹಿಡಿಯಿತು. ನಮ್ಮ ಮ್ಯಾನೇಜರು ಕೂಡ ಆಗ ಒಂದು ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದರು. 'ಬಿಸಿಲಿಗೆ ತಲೆ ಸುತ್ತಿತು' ಎಂದು ತೀರ್ಮಾನವಾಯಿತು. ಮೇ ೪ರಂದು ಕರ್ನಾಟಕದಲ್ಲಿ ಅಂಗಡಿಗಳು ತೆರೆದವು. ತಲೆಸುತ್ತೂ ನಿಂತಿತು.

ಅದೇ ಮಾರ್ಚ್ ೨೫ರಂದು ಇನ್ನೊಂದು ಬಾಗಿಲು ತೆರೆದುದನ್ನು ಆ ಗದ್ದಲದಲ್ಲಿ ಹೆಚ್ಚು ಜನ ಗಮನಿಸಲಿಲ್ಲ. ವೈದ್ಯರು ದೂರದಿಂದಲೇ ರೋಗಿಯನ್ನು ನೋಡಿ ಔಷಧ ಬರೆಯುವುದಕ್ಕೆ ನಿಯಮಗಳನ್ನು ವಿಧಿಸಿದ ಮಾರ್ಗಸೂಚಿ ಅಂದು ಪ್ರಕಟವಾಯಿತು. ಮನೋವೈದ್ಯರಿಗಾಗಿ ನಿಮ್ಹಾನ್ಸ್ ಮೊದಲಾದ ಸಂಸ್ಥೆಗಳು ಅದೇ ವರ್ಷ ಪ್ರತ್ಯೇಕ ಕೈಪಿಡಿಯನ್ನು ಸಿದ್ಧಪಡಿಸಿದವು. ೨೦೨೨ರ ಅಕ್ಟೋಬರ್ ೧೦ರಂದು 'ಟೆಲಿ ಮನಸ್' ಎಂಬ ಉಚಿತ ಸೇವೆ ಆರಂಭವಾಯಿತು. ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಿ ಹಗಲಿರುಳೆನ್ನದೆ, ಕನ್ನಡದಲ್ಲಿಯೇ, ಮನಸ್ಸಿನ ತೊಂದರೆಯನ್ನು ಹೇಳಿಕೊಳ್ಳುವುದಕ್ಕೆ ಅದರಿಂದ ಅವಕಾಶವಾಯಿತು.

ಮ್ಯಾನೇಜರ ಮನೆಯಲ್ಲಿ ಈ ದಾರಿಯನ್ನು ಹುಡುಕಿದವಳು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು. "ಅಪ್ಪಾ, ಡಾಕ್ಟರು ಬೆಂಗಳೂರಿನವರು. ನಮ್ಮೂರಿನ ಯಾರನ್ನೂ ಅವರು ಬಲ್ಲವರಲ್ಲ. ನೀವು ಕೋಣೆಯಿಂದ ಹೊರಕ್ಕೆ ಬರುವುದೇ ಬೇಡ" ಎಂದಳು. ಈ ಕಡೆಯ ಮಾತು ಅವರಿಗೆ ಹಿಡಿಸಿತು. ಭೇಟಿಯ ವೇಳೆಯನ್ನು ಸಂಜೆ ಏಳಕ್ಕೆಂದು ಗೊತ್ತುಮಾಡಿದವಳೂ ಅವಳೇ. ಬಾಗಿಲು ಎಂದಿನಂತೆಯೇ ಮುಚ್ಚಿತು. ಆ ದಿನ ಒಳಗೆ ನಡೆದುದು ಮಾತ್ರ ಬೇರೆ.

ಹೆಸರು ನೋಂದಾಯಿಸುವಾಗ ಯಜಮಾನರು ತಮ್ಮ ಭಾವಮೈದುನನ ಹೆಸರನ್ನು ಕೊಡಲು ಯೋಚಿಸಿದ್ದರು. ಅದು ಸಾಧ್ಯವಿಲ್ಲವೆಂದು ತಿಳಿಯಿತು. ನಿಯಮದ ಪ್ರಕಾರ ವೈದ್ಯರಿಗೆ ರೋಗಿ ಯಾರೆಂಬುದೂ, ರೋಗಿಗೆ ವೈದ್ಯರು ಯಾರೆಂಬುದೂ ಗೊತ್ತಿರಲೇಬೇಕು. ಹೆಸರನ್ನು ಮರೆಮಾಡಬೇಕಾದುದು ಊರಿನಿಂದಲೇ ಹೊರತು ವೈದ್ಯರಿಂದಲ್ಲ.

ವೈದ್ಯೆ ತರುಣಿ; ಮಾತು ಮೆತ್ತಗೆ. ಕಡೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಬೆಳಿಗ್ಗೆ ಏಳುತ್ತಲೇ ಬೇಕೆನಿಸುವುದೇ ಎಂದೆಲ್ಲ ಕೇಳಿದರು. ಬಳಿಕ ಎರಡು ಕೈಗಳನ್ನೂ ಬೆರಳು ಅಗಲಿಸಿ ಮುಂದಕ್ಕೆ ಚಾಚುವಂತೆ ಹೇಳಿದರು. ಒಂದು ಕೈಯಲ್ಲಿ ಫೋನು ಇದ್ದುದರಿಂದ ಇಡೀ ಕೋಣೆಯೇ ನಡುಗುತ್ತಿರುವಂತೆ ಅವರಿಗೆ ಕಾಣುತ್ತಿದ್ದಿರಬೇಕು. "ಫೋನನ್ನು ಯಾವುದಕ್ಕಾದರೂ ಒರಗಿಸಿಡಿ" ಎಂದರು. ಬಾಗಿಲ ಹೊರಗೆ ನಿಂತಿದ್ದ ಮನೆಯಾಕೆ ಸಕ್ಕರೆ ಡಬ್ಬ ತಂದು ಒರಗಿಸಿದರು. ಈಗ ಕೋಣೆ ನಿಂತಿತು, ಕೈ ನಿಲ್ಲಲಿಲ್ಲ. ಇಲ್ಲಿ ಬಿಸಿ ಲೋಟವೂ ಇರಲಿಲ್ಲ.

"ಎಂದಾದರೂ ಸೆಳವು ಬಂದದ್ದುಂಟೆ?"

"ಇಲ್ಲ. ಲಾಕ್‌ಡೌನಿನಲ್ಲಿ ಒಮ್ಮೆ ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದೆ, ಅಷ್ಟೆ."

"ಅದು ತಲೆಸುತ್ತಲ್ಲ ಡಾಕ್ಟ್ರೇ," ಎಂದರು ಮನೆಯಾಕೆ. "ಕೈಕಾಲು ಸೆಟೆದಿತ್ತು. ನಾಲಿಗೆ ಕಚ್ಚಿಕೊಂಡಿದ್ದರು. ಇಷ್ಟು ದಿನ ನಾನು ಯಾರಿಗೂ ಹೇಳಿರಲಿಲ್ಲ."

ದೂರದ ಚಿಕಿತ್ಸೆಯ ಮಿತಿಯೂ ಶಕ್ತಿಯೂ ಈ ಒಂದು ಗಳಿಗೆಯಲ್ಲಿ ತೋರಿಬಂದವು. ಪರದೆಗೆ ಮೂಗಿಲ್ಲ, ಉಸಿರಿನ ವಾಸನೆ ಅದಕ್ಕೆ ಹತ್ತದು. ಅದಕ್ಕೆ ಬೆರಳಿಲ್ಲ; ನಾಡಿಯನ್ನು ಹಿಡಿಯದು, ಊದಿದ ಯಕೃತ್ತನ್ನು ಮುಟ್ಟಿ ನೋಡದು. ಆ ಕೊರತೆಯನ್ನು ತುಂಬಬಲ್ಲವರು ಮನೆಯವರು. ಆಸ್ಪತ್ರೆಯ ಬೆಂಚಿನ ಮೇಲಾಗಿದ್ದರೆ ಮನೆಯಾಕೆ ಆ ಮಾತನ್ನು ಆಡುತ್ತಿದ್ದರೋ ಇಲ್ಲವೋ. ತಮ್ಮ ಮನೆಯ ಹೊಸ್ತಿಲ ಮೇಲೆ ನಿಂತಿದ್ದುದರಿಂದ ಆಡಿದರು.

ವೈದ್ಯೆ ಔಷಧ ಬರೆಯಲಿಲ್ಲ. ಹಿಂದೆ ಸೆಳವು ಬಂದವರು ಮನೆಯಲ್ಲಿಯೇ ಕುಡಿತ ನಿಲ್ಲಿಸುವುದು ಸಲ್ಲದೆಂದೂ, ಮೊದಲ ವಾರ ಆಸ್ಪತ್ರೆಯಲ್ಲಿಯೇ ಕಳೆಯಬೇಕೆಂದೂ ಖಂಡಿತವಾಗಿ ಹೇಳಿದರು. ಅಲ್ಲಿಯವರೆಗೆ ತಾವಾಗಿಯೇ ಒಮ್ಮೆಲೇ ಬಿಟ್ಟುಬಿಡುವ ಶೂರತನವೂ ಬೇಡವೆಂದರು. ನಡುಕವನ್ನು ತಣಿಸುವ ಮಾತ್ರೆಗಳಲ್ಲಿ ಕೆಲವು ತಾವೇ ಚಟ ಹಿಡಿಸಬಲ್ಲವು. ೨೦೨೦ರ ಮಾರ್ಗಸೂಚಿಯು ಮಾದಕ ದ್ರವ್ಯಗಳ ಕಾಯಿದೆಯ ಪಟ್ಟಿಗೆ ಸೇರಿದ ಔಷಧಗಳನ್ನು ದೂರದಿಂದ ಬರೆದುಕೊಡುವುದನ್ನು ನಿಷೇಧಿಸಿದ್ದು ಇಂಥ ಕಾರಣಕ್ಕಾಗಿಯೇ. ಕೋಣೆಯಿಂದ ಹೊರಬರುವುದೇ ಬೇಡವೆಂದು ನಂಬಿ ಕುಳಿತವರಿಗೆ ಹೊರಡಲೇಬೇಕೆಂಬ ಆಜ್ಞೆಯಾಯಿತು. ಆದರೆ ಆ ವೇಳೆಗೆ ಹೇಳಲಾಗದ ಮಾತು ಹೇಳಿ ಆಗಿತ್ತು. ಹೇಳಿದ ಮೇಲೆ ಹೊರಡುವುದು ಅಷ್ಟು ಕಷ್ಟವಾಗಲಿಲ್ಲ. 'ಮಗಳ ಮನೆಗೆ' ಎಂದು ನೆರೆಯವರಿಗೆ ತಿಳಿಸಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹತ್ತು ದಿನ ಇದ್ದು ಬಂದರು. ಥಯಮಿನ್ ಚುಚ್ಚುಮದ್ದು, ಯಕೃತ್ತಿನ ಪರೀಕ್ಷೆ ಎಲ್ಲವೂ ಆಯಿತು. ಮರಳುವಾಗ ಕುಡಿಯಬೇಕೆಂಬ ಸೆಳೆತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆಗಳನ್ನು ಕೊಟ್ಟಿದ್ದರು.

ಕುಡಿತ ಬಿಡುವುದು ಹತ್ತು ದಿನದ ಕೆಲಸ. ಬಿಟ್ಟವರಾಗಿಯೇ ಉಳಿಯುವುದು ಬಾಳಿನ ಕೆಲಸ. ಅನೇಕರು ಸೋಲುವುದು ಎರಡನೆಯದರಲ್ಲಿ. ಹದಿನೈದು ದಿನಕ್ಕೊಮ್ಮೆ ರಜೆ ಹಾಕಿ, ಸುಮಾರು ೧೮೦ ಕಿಲೋಮೀಟರು ಹೋಗಿ, ಹತ್ತು ನಿಮಿಷ ಮಾತಾಡಿ ಬರುವ ಉತ್ಸಾಹ ಎಷ್ಟು ತಿಂಗಳು ಉಳಿದೀತು? ಪರದೆಯ ನಿಜವಾದ ಉಪಕಾರ ಇಲ್ಲಿದೆ. ಗುರುವಾರ ಸಂಜೆ ಏಳಕ್ಕೆ ಯಜಮಾನರು ತಮ್ಮ ಕೋಣೆಯಲ್ಲಿ, ಸಕ್ಕರೆ ಡಬ್ಬದ ಮುಂದೆ, ತಪ್ಪದೆ ಹಾಜರಾಗುತ್ತಿದ್ದರು.

ಮೂರನೆಯ ತಿಂಗಳಿನಲ್ಲಿ ಒಂದು ಗುರುವಾರ, "ಈ ಹೊತ್ತು ನೆಟ್‌ವರ್ಕ್ ಸರಿಯಿಲ್ಲ ಡಾಕ್ಟ್ರೇ, ಮುಖ ಕಾಣಿಸದು, ಮಾತು ಸಾಕು" ಎಂದರು. ವೈದ್ಯೆ ಒಂದು ಕ್ಷಣ ಸುಮ್ಮನಿದ್ದು, "ಯಾವ ಮದುವೆಗೆ ಹೋಗಿದ್ದಿರಿ?" ಎಂದು ಕೇಳಿದರು. ಬೈಯಲಿಲ್ಲ. ಮರಳಿ ಬೀಳುವುದು ಈ ರೋಗದ ಸ್ವಭಾವವೆಂದೂ, ಬಿದ್ದುದನ್ನು ಬಚ್ಚಿಟ್ಟರೆ ಮಾತ್ರ ಅದು ಸೋಲಾಗುತ್ತದೆಂದೂ ತಿಳಿಸಿದರು. ನೆಟ್‌ವರ್ಕ್ ಸರಿಹೋಯಿತು, ಮುಖ ಕಾಣಿಸಿತು.

ಪರದೆ ಎಲ್ಲರ ರೋಗಕ್ಕೂ ಮದ್ದಲ್ಲ. ಸೆಳವು, ಸನ್ನಿ, ಪ್ರಜ್ಞೆ ತಪ್ಪುವುದು, ಪ್ರಾಣ ಕಳೆದುಕೊಳ್ಳುವ ಮಾತು ಇವು ಕಂಡುಬಂದಲ್ಲಿ ಹೋಗಬೇಕಾದುದು ಆಸ್ಪತ್ರೆಗೆ, ಅದೂ ಆ ಕ್ಷಣವೇ. ಪುಟ್ಟ ಮನೆಗಳಲ್ಲಿ ಮುಚ್ಚಿಕೊಳ್ಳಲು ಪ್ರತ್ಯೇಕ ಕೋಣೆಯೇ ಇರುವುದಿಲ್ಲವೆಂಬುದನ್ನೂ ಮರೆಯುವಂತಿಲ್ಲ. ಆದರೂ, ಬೀದಿಯ ಕಣ್ಣಿಗೆ ಅಂಜಿ ಒಳಗೇ ಕುಳಿತ ಅಷ್ಟೊಂದು ಮಂದಿಯ ಬಳಿಗೆ ವೈದ್ಯರೇ ಬಂದು ಬಾಗಿಲು ತಟ್ಟುವಂತಾದುದು ಸಣ್ಣ ಮಾತಲ್ಲ.

ಅವರೆಕಾಯಿಯ ಕಾಲ ಬರುವ ಹೊತ್ತಿಗೆ ಮ್ಯಾನೇಜರ ಮನೆಯಲ್ಲಿ ಒಂದು ಬದಲಾವಣೆಯಾಗಿತ್ತು. ಗುರುವಾರದ ಭೇಟಿ ಈಗ ನಡುಮನೆಯಲ್ಲಿ ನಡೆಯುತ್ತದೆ. ಮನೆಯಾಕೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲಿಯೇ ಕುಳಿತಿರುತ್ತಾರೆ. ನಡುನಡುವೆ ಒಂದು ಮಾತನ್ನು ತಿದ್ದುತ್ತಾರೆ. ಕಳೆದ ವಾರ ಪಕ್ಕದ ಮನೆಯವರು ಬಂದು, "ಯಾರದು, ಫೋನಿನಲ್ಲಿ?" ಎಂದು ಕೇಳಿದರು.

"ನಮ್ಮ ಡಾಕ್ಟರು" ಎಂದರು ಯಜಮಾನರು. ಯಾವ ರೋಗಕ್ಕೆಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಆದರೆ ಫೋನನ್ನು ಮುಚ್ಚಿಡಲೂ ಇಲ್ಲ.