ಇಪ್ಪತ್ತೇಳನೇ ನಂಬರಿನ ಕೋಟು

ಬೆಳಗಿನ ಜಾವ ಐದೂಕಾಲು. ಕಾರಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿದೆ. ಅಮ್ಮ ಸೆರಗಿನ ತುದಿಯಿಂದ ಒರೆಸಿ ಹೊರಗೆ ನೋಡುತ್ತಾಳೆ, ತಟ್ಟನೆ ಹಿಂದಕ್ಕೆ ಸರಿಯುತ್ತಾಳೆ.

"ಎಂತದೇ ಅದು, ಇಷ್ಟು ಹೊತ್ತಿಗೇ ಇಷ್ಟೊಂದು ಜನ!"

ಜನ ಅಲ್ಲ, ಕೋಟುಗಳು. ರಸ್ತೆಯ ಎರಡೂ ಬದಿಗೆ ಹಗ್ಗ, ಹಗ್ಗದ ತುಂಬ ಕೆಂಪು, ನೀಲಿ, ಗಿಣಿಹಸಿರು. ತೋಳು ಇಳಿಬಿಟ್ಟುಕೊಂಡು ಸಾಲಾಗಿ ನೇತಾಡುತ್ತಿವೆ. ಕೆಳಗೆ ಗಮ್‌ಬೂಟುಗಳು ಜೋಡಿಜೋಡಿಯಾಗಿ ಹಲಗೆ ಏರಿ ಕೂತಿವೆ. ಪ್ರತಿ ಅಂಗಡಿಯ ನೆತ್ತಿಯ ಮೇಲೂ ದೊಡ್ಡದಾಗಿ ಒಂದು ನಂಬರು. ಮನಾಲಿ ಬಿಟ್ಟು ಪಲ್ಚಾನ್ ಕಡೆಗೆ ಹೋಗುವ ಈ ದಾರಿಯಲ್ಲಿ ಅಂಗಡಿಗೆ ಹೆಸರಿಗಿಂತ ನಂಬರೇ ಮುಖ್ಯ. ಸಂಜೆ ಬಟ್ಟೆ ಎಲ್ಲಿಗೆ ವಾಪಸು ಕೊಡಬೇಕು ಎನ್ನುವುದು ಡ್ರೈವರಿಗೆ ನೆನಪಿದ್ದರೆ ಸಾಕು.

ನಮ್ಮ ಡ್ರೈವರು ಕುಲ್ಲುವಿನ ಹುಡುಗ. ಕೇಳದೆಯೇ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸುತ್ತಾನೆ. ಬಾಗಿಲು ತೆಗೆದ ಕೂಡಲೇ ಚಳಿ ಮೊದಲು ಕಿವಿಯನ್ನು ಹಿಡಿಯುತ್ತದೆ. ಎಡಕ್ಕೆ ಎಲ್ಲೋ ತಗ್ಗಿನಲ್ಲಿ ಬಿಯಾಸ್ ಭೋರ್ಗರೆಯುತ್ತಿದೆ, ಕಾಣುವುದಿಲ್ಲ. ಮೇ ತಿಂಗಳ ಕೊನೆ. ಬೆಂಗಳೂರಿನಲ್ಲಿ ಫ್ಯಾನು ಹಾಕಿಕೊಂಡು ಮಲಗಿದ್ದು ಮೊನ್ನೆ ರಾತ್ರಿಯಷ್ಟೆ.

ಹೊರಡುವ ವಾರ ನಾನೂ ಎಲ್ಲರ ಹಾಗೆ ಪಟ್ಟಿ ಹಿಡಿದು ಕೂತಿದ್ದೆ. ಅಮ್ಮನಿಗೆ, ನನಗೆ, ಹನ್ನೆರಡು ವರ್ಷದ ಮಗನಿಗೆ ಹಿಮದಲ್ಲಿ ಹಾಕುವ ಬಟ್ಟೆ ಬೇಕಲ್ಲ. ಗೆಳತಿಯೊಬ್ಬಳು ಎರಡು ಜಾಕೆಟು ತಂದುಕೊಟ್ಟಳು. ಸೂಟ್‌ಕೇಸಿನಲ್ಲಿಟ್ಟು ಮುಚ್ಚಳ ಒತ್ತಿದರೆ ಅರ್ಧಕ್ಕೇ ನಿಂತಿತು. ಮೇಲೆ ಕೂತು ಒತ್ತಿದರೂ ಅಷ್ಟೇ, ಎದ್ದ ಕೂಡಲೇ ಉಸ್ಸೆಂದು ಉಬ್ಬಿಕೊಂಡಿತು. ಆಮೇಲೆ ಯೋಚಿಸಿದರೆ ತಪ್ಪು ಸೂಟ್‌ಕೇಸಿನದಲ್ಲ. ಅಂಥ ಕೋಟು ನಮ್ಮನ್ನು ಬೆಚ್ಚಗಿಡುವುದು ಒಳಗಿನ ಹತ್ತಿಯಂಥ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು. ಗಾಳಿ ಹೋದರೆ ಬಿಸಿಯೂ ಹೋಯಿತು. ಅಂದರೆ ನಾನು ಬೆಂಗಳೂರಿನ ಗಾಳಿಯನ್ನು ಮಡಚಿ, ವಿಮಾನದಲ್ಲಿ ಒಬ್ಬರಿಗೆ ಸಿಗುವ 15 ಕೆಜಿ ಲೆಕ್ಕದಲ್ಲಿ ಜಾಗ ಮಾಡಿಕೊಟ್ಟು, ಚಂಡೀಗಢಕ್ಕೆ ಹಾರಿಸಿ, ಅಲ್ಲಿಂದ ಸುಮಾರು 300 ಕಿಲೋಮೀಟರ್ ಬೆಟ್ಟ ಹತ್ತಿಸಬೇಕಿತ್ತು. ಕೊಳ್ಳುವ ಮಾತಂತೂ ದೂರ. ಮಗ ಮುಂದಿನ ವರ್ಷಕ್ಕೆ ಮೂರು ಇಂಚು ಬೆಳೆದಿರುತ್ತಾನೆ, ಕೋಟು ಅಟ್ಟದ ಮೇಲಿರುತ್ತದೆ. ಜಾಕೆಟು ವಾಪಸು ಕೊಟ್ಟು ಒಂದೊಂದು ಸ್ವೆಟರು, ಉಣ್ಣೆಯ ಕಾಲುಚೀಲ, ಮಂಕಿಟೋಪಿ ಹಾಕಿಕೊಂಡು ಹೊರಟೆವು. ಮೂವರಿಗೂ ಸೇರಿ ಒಂದೇ ಸೂಟ್‌ಕೇಸು.

ಕೋಟು ಇಲ್ಲೇ ಬಾಡಿಗೆಗೆ ತೆಗೆದುಕೊಳ್ಳುವ ವಿಷಯ ಅಮ್ಮನಿಗೆ ಹೇಳಿರಲಿಲ್ಲ. ಈಗ ಹೇಳಬೇಕಾಗಿದೆ.

ಅಂಗಡಿಯೊಳಗೆ ಒಂದೇ ಬಲ್ಬು. ಮೂಲೆಯಲ್ಲಿ ತಗಡಿನ ಒಲೆ, ಅದರ ಕೊಳವೆ ಮಾಡು ತೂರಿ ಹೊರಗೆ ಹೋಗಿದೆ. ಇಲ್ಲಿ ಅದಕ್ಕೆ ತಂದೂರ್ ಅನ್ನುತ್ತಾರೆ. ರೊಟ್ಟಿ ಸುಡುವುದಲ್ಲ, ಮನೆ ಕಾಯಿಸುವುದು. ಉರಿಯುವ ಸೌದೆ, ಒಣಗುತ್ತಿರುವ ರಬ್ಬರು, ಬಹಳ ಜನರ ಮೈ ಕಂಡ ಬಟ್ಟೆ, ಎಲ್ಲ ಸೇರಿದ ಒಂದು ವಾಸನೆ. ಆ ವಾಸನೆ ನನಗೆ ಗೊತ್ತು. ನಾಲ್ಕನೇ ಕ್ಲಾಸಿನಲ್ಲಿ ಛದ್ಮವೇಷಕ್ಕೆಂದು ಬಾಡಿಗೆಗೆ ತಂದ ಕಿತ್ತೂರು ಚೆನ್ನಮ್ಮನ ಜರಿಯ ಪೋಷಾಕಿಗೂ ಇದೇ ವಾಸನೆ ಇತ್ತು. ನನಗಿಂತ ಮೊದಲು ಎಷ್ಟು ಚೆನ್ನಮ್ಮಂದಿರು ಅದರೊಳಗೆ ಬೆವರಿದ್ದರೋ.

ಅಮ್ಮ ಹೊಸ್ತಿಲಲ್ಲೇ ನಿಂತಿದ್ದಾಳೆ. "ಯಾರ್ಯಾರು ಹಾಕಿದ್ದೋ ಏನೋ ಮಾರಾಯ್ತಿ. ನಂಗೆ ಬೇಡ. ಶಾಲು ಹೊದ್ದುಕೊಳ್ತೇನೆ."

ಅರವತ್ತೆಂಟು ವರ್ಷ ತನ್ನ ಬಟ್ಟೆಯನ್ನು ತಾನೇ ಒಗೆದು ಉಟ್ಟವಳು. ನಾನು ವಾದಕ್ಕೆ ಹೋಗುವುದಿಲ್ಲ, ಲೆಕ್ಕ ಹೇಳುತ್ತೇನೆ. ಮನಾಲಿ ಇರುವುದು 2050 ಮೀಟರ್ ಎತ್ತರದಲ್ಲಿ, ನಾವು ಹೊರಟಿರುವ ರೋಹ್ತಾಂಗ್ ಕಣಿವೆದಾರಿ 3978 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಇಲ್ಲಿಗಿಂತ ಹನ್ನೆರಡು ಡಿಗ್ರಿ ಕಡಿಮೆ, ಅದರ ಮೇಲೆ ಗಾಳಿ. ಶಾಲು ಹಿಮದಲ್ಲಿ ನೆನೆದರೆ ಆಮೇಲೆ ಒಣಗುವುದಿಲ್ಲ. ಅಮ್ಮ ಕೇಳಿಸಿಕೊಳ್ಳುತ್ತಾಳೆ, ಒಪ್ಪುವುದಿಲ್ಲ.

ಒಪ್ಪಿಸುವುದು ಅಂಗಡಿಯಮ್ಮ. ಹೆಚ್ಚು ಕಮ್ಮಿ ಅಮ್ಮನದೇ ವಯಸ್ಸು. ತಲೆಗೆ ಹೂಹೂವಿನ ವಸ್ತ್ರ, ಮೈಗೆ ಪಟ್ಟು. ಪಟ್ಟು ಎಂದರೆ ಕುಲ್ಲು ಕಡೆಯ ಹೆಂಗಸರು ಉಡುವ ಉಣ್ಣೆಯ ಉದ್ದನೆ ಬಟ್ಟೆ. ಹೊಲಿಗೆ ಇಲ್ಲ, ಸುತ್ತಿ ಉಡುವುದು. ಎರಡು ಭುಜದ ಮೇಲೂ ಬೆಳ್ಳಿಯ ದಪ್ಪ ಪಿನ್ನು, ಎರಡನ್ನೂ ಕೂಡಿಸಿ ಎದೆಯ ಮೇಲೆ ಇಳಿಬಿದ್ದ ಸರಪಳಿ. ಅಮ್ಮನ ಕಣ್ಣು ಕೋಟು ಬಿಟ್ಟು ಆ ಪಿನ್ನಿಗೆ ಹೋಗುತ್ತದೆ. ಅಂಗಡಿಯಮ್ಮನ ಕಣ್ಣು ಅಮ್ಮನ ಸೀರೆಯ ನೆರಿಗೆಗೆ. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಹಿಂದಿ ಬಾರದು.

"ಆಯಿಯೇ ಮಾತಾಜಿ," ಎಂದು ಅವರು ಅಮ್ಮನ ಕೈ ಹಿಡಿದು ಒಲೆಯ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಹೊರಗೆ ನೇತುಹಾಕಿದ್ದರಿಂದ ಕೊಡುವುದಿಲ್ಲ. ಒಲೆಯ ಹಿಂದಿನ ಗೂಟದಿಂದ ಕೆಂಪು ಕೋಟೊಂದನ್ನು ತೆಗೆದು, ಒಳಗು ಹೊರಗು ಮಾಡಿ, ಅಮ್ಮನ ಎರಡು ಕೈಯನ್ನೂ ಹಿಡಿದು ಆ ಒಳಬಟ್ಟೆಯ ಮೇಲೆ ಇಡುತ್ತಾರೆ. ಬೆಚ್ಚಗಿದೆ. ಅಮ್ಮ ಕೈ ತೆಗೆಯುವುದಿಲ್ಲ. ಕೋಟಿನ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಅಂಗಡಿಯ ನಂಬರು, ಕಾಲರಿನ ಒಳಗೆ ದಾರದಲ್ಲಿ ಹೊಲಿದ 27.

ಆಮೇಲೆ ಸೀರೆಯ ಪ್ರಶ್ನೆ. ಸೀರೆ ಉಟ್ಟವರು ಇಲ್ಲಿ ಪರದೆಯ ಹಿಂದೆ ಹೋಗಿ ಬಿಚ್ಚಿಟ್ಟು ಬರುವುದೂ ಉಂಟಂತೆ. ಅಮ್ಮ ಪರದೆಯನ್ನು ನೋಡಿ ತಲೆಯಾಡಿಸುತ್ತಾಳೆ. ಅಂಗಡಿಯಮ್ಮ ನೆಲಕ್ಕೆ ಕೂತು, ಸೀರೆಯ ಅಂಚು ಹಿಡಿದು ಮೊಣಕಾಲಿನವರೆಗೆ ಎತ್ತಿ, ಹೀಗೆ ಕಟ್ಟಬಹುದಾ ಎಂಬಂತೆ ಮುಖ ನೋಡುತ್ತಾರೆ. ಅಷ್ಟು ಸಾಕು. ತೀರ್ಥಹಳ್ಳಿ ಸೀಮೆಯ ನಟ್ಟಿ ಗದ್ದೆಯಲ್ಲಿ ವಯಸ್ಸು ಕಳೆದವಳಿಗೆ ಸೀರೆ ಎತ್ತಿ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದೇ ಉಸಿರಿಗೆ ನೆರಿಗೆ ಒಟ್ಟು ಮಾಡಿ, ಹಿಂದಕ್ಕೆ ತೆಗೆದು ಕಚ್ಚೆ ಸಿಕ್ಕಿಸಿ, ಸೆರಗನ್ನು ಸೊಂಟಕ್ಕೆ ಬಿಗಿಯುತ್ತಾಳೆ. ಅಂಗಡಿಯಮ್ಮ ಚಪ್ಪಾಳೆ ತಟ್ಟುತ್ತಾರೆ. ಮೇಲಿಂದ ಪ್ಯಾಂಟು, ಅದರ ಮೇಲೆ ಕೋಟು. ಸುತ್ತಿ ಉಡುವ ಬಟ್ಟೆಯ ಕಷ್ಟ ಸುತ್ತಿ ಉಡುವವರಿಗೇ ಗೊತ್ತು.

ಒಬ್ಬರಿಗೆ 300 ರೂಪಾಯಿ, ಬೂಟೂ ಸೇರಿ. ಗ್ಲೌಸು, ಕಾಲುಚೀಲ ಬಾಡಿಗೆಗಿಲ್ಲ, ಕೊಳ್ಳಬೇಕು. ಬೂಟು ಹಾಕುವ ಮೊದಲು ಅಮ್ಮ ಅದನ್ನು ತಲೆಕೆಳಗು ಮಾಡಿ ಎರಡು ಸಲ ಕುಟ್ಟುತ್ತಾಳೆ. ಮಳೆಗಾಲದ ತೋಟಕ್ಕೆ ಹೋಗುವಾಗಿನ ಅಭ್ಯಾಸ. ಇಲ್ಲಿ ಇಂಬಳವಿಲ್ಲ ಎಂದರೆ, ಇರಲಿ ಅನ್ನುತ್ತಾಳೆ.

ಕೋಠಿ ದಾಟಿ ಗುಲಾಬಾ ಚೆಕ್‌ಪೋಸ್ಟಿನಲ್ಲಿ ಪರ್ಮಿಟ್ಟು ತೋರಿಸಿ ಮೇಲೆ ಹತ್ತುತ್ತೇವೆ. ನಿನ್ನೆ ಮಂಗಳವಾರ, ರಸ್ತೆ ರಿಪೇರಿಗೆಂದು ಪ್ರವಾಸಿಗಳಿಗೆ ಮುಚ್ಚಿತ್ತು. ದಿನಕ್ಕೆ 1,200 ಪ್ರವಾಸಿ ವಾಹನಗಳು ಮಾತ್ರ ಎಂಬ ಮಿತಿ ಹಸಿರು ನ್ಯಾಯಮಂಡಳಿಯ ಆದೇಶದಿಂದ ಬಂದದ್ದು, ಹೊಗೆಯ ಮಸಿ ಕೂತು ಹಿಮ ಕಪ್ಪಾಗಿ ಬೇಗ ಕರಗುತ್ತಿದೆ ಎಂಬ ಕಾರಣಕ್ಕೆ. ಆ ಮಿತಿ ಇದ್ದರೂ ದಾರಿಯ ಮಢಿ ಎಂಬಲ್ಲಿ ವಾಹನಗಳ ಸಾಲು ನಿಂತುಬಿಟ್ಟಿದೆ. ಢಾಬಾದಲ್ಲಿ ಚಹಾ ಕುಡಿಯುತ್ತ ನೋಡಿದರೆ ರಸ್ತೆಯ ಅಂಚಿನ ಕೊಳಕು ಹಿಮದಲ್ಲಿ ಗ್ಲೌಸುಗಳು ಬಿದ್ದಿವೆ. ಒಂದೊಂದೇ, ನೆನೆದು ಚಪ್ಪಟೆಯಾಗಿ. ಬಾಡಿಗೆಯ ಕೋಟು ಒಂದೂ ಬಿದ್ದಿಲ್ಲ. ಕೊಂಡದ್ದು ಬಿದ್ದಿದೆ, ಎರವಲು ತಂದದ್ದು ಮೈಮೇಲಿದೆ.

2023ರ ಜುಲೈನಲ್ಲಿ ಜಪಾನ್ ಏರ್‌ಲೈನ್ಸ್ ಸುಮಿಟೊಮೊ ಕಂಪನಿಯ ಜೊತೆ ಸೇರಿ ಒಂದು ಪ್ರಯೋಗ ಶುರುಮಾಡಿದ್ದು ನೆನಪಾಗುತ್ತದೆ. ಪ್ರಯಾಣಿಕರು ಮೊದಲೇ ಬಟ್ಟೆ ಆರಿಸಿ ಬುಕ್ ಮಾಡಿದರೆ ಇಳಿದುಕೊಳ್ಳುವ ಹೋಟೆಲಿಗೆ ಅದು ಬಂದಿರುತ್ತಿತ್ತು, ಹೋಗುವಾಗ ಬಿಟ್ಟು ಹೋದರೆ ಒಗೆದು ಇನ್ನೊಬ್ಬರಿಗೆ. ಲಗೇಜು ಹಗುರವಾದಷ್ಟೂ ವಿಮಾನ ಸುಡುವ ಇಂಧನ ಕಡಿಮೆ ಎಂಬ ಲೆಕ್ಕ. ಒಳ್ಳೆಯ ಕೆಲಸ, ಇಂಥದು ಬೆಳೆಯಬೇಕು. ಆದರೆ ಈ ರಸ್ತೆಯಲ್ಲಿ ನಿಂತಾಗ ನನಗೆ ಅದು ಹೊಸದೆನಿಸುವುದಿಲ್ಲ.

ನಮ್ಮ ಮನೆಯ ಜಗಲಿಯಲ್ಲಿ ಆಷಾಢದುದ್ದಕ್ಕೂ ಗೂಟಕ್ಕೆ ನಾಲ್ಕು ಕಂಬಳಿ ನೇತಾಡುತ್ತಿದ್ದವು. ಮನೆಯವರದಲ್ಲ, ಬರುವವರದು. ಬಯಲುಸೀಮೆಯ ನೆಂಟರು ಕೊಡೆಯೊಂದನ್ನೇ ನಂಬಿ ಬಸ್ಸಿಳಿಯುತ್ತಿದ್ದರು. ಆಗುಂಬೆ ಕಡೆಯ ಗಾಳಿಮಳೆಗೆ ಕೊಡೆ ಏನು ಮಾಡೀತು? ಹೊರಗೆ ಹೊರಟವರ ತಲೆಗೆ ಕಂಬಳಿಕೊಪ್ಪೆ ಹಾಕಿ ಕಳಿಸುವುದು, ಗದ್ದೆ ನೋಡುತ್ತೇನೆ ಎಂದ ಹೆಂಗಸರಿಗೆ ಗೊರಬು ಕೊಡುವುದು, ಬಂದ ಮೇಲೆ ಅದನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸುವುದು ಅಮ್ಮನ ಕೆಲಸ. ಊರಿನ ಮಳೆಯನ್ನು ತಡೆಯುವ ಬಟ್ಟೆ ಊರಿನಲ್ಲೇ ಇರುತ್ತದೆ, ಬಂದವರು ಹೊತ್ತು ತರಬೇಕಾಗಿಲ್ಲ. ಅಲ್ಲಿ ದುಡ್ಡು ಕೇಳುತ್ತಿರಲಿಲ್ಲ, ಇಲ್ಲಿ ಕೇಳುತ್ತಾರೆ, ಕೇಳಬೇಕು. ಇವರಿಗೆ ಇದು ದುಡಿಮೆ, ಅದೂ ವರ್ಷದ ಕೆಲವೇ ತಿಂಗಳು.

ರೋಹ್ತಾಂಗ್. ಕಾರಿನಿಂದ ಇಳಿದು ಹತ್ತು ಹೆಜ್ಜೆಗೆ ಉಸಿರು ಸಾಲುವುದಿಲ್ಲ. ಎದೆಯೊಳಗೆ ಯಾರೋ ಬೇರೆಯವರು ಓಡುತ್ತಿದ್ದಾರೆ ಅನ್ನಿಸುತ್ತದೆ. ಮೆಲ್ಲಗೆ ಅಮ್ಮ, ಮೆಲ್ಲಗೆ. ಬಿಸಿಲು ಹಿಮಕ್ಕೆ ಬಡಿದು ಕಣ್ಣಿಗೆ ಚುಚ್ಚುತ್ತದೆ. ನಾವು ಹತ್ತಿ ಬಂದ ಕಡೆ ಹಸಿರು, ದೇವದಾರು, ಬಿಯಾಸಿನ ಕಣಿವೆ. ಆಚೆ ಬದಿ ಲಾಹೋಲ್, ಮರವಿಲ್ಲದ ಕಂದು ಬೆಟ್ಟಗಳು, ತಳದಲ್ಲಿ ಚಂದ್ರಾ ನದಿ. ಮಗ ಆಗಲೇ ಹಿಮದಲ್ಲಿ ಉರುಳುತ್ತಿದ್ದಾನೆ. ಎದ್ದು ಕೊಡವಿದರೆ ಹಿಮ ಕೋಟಿನಿಂದ ಪುಡಿಪುಡಿಯಾಗಿ ಉದುರುತ್ತದೆ, ಒಳಗೆ ಇಳಿಯುವುದಿಲ್ಲ.

ಗಾಳಿ ಬೀಸುತ್ತದೆ. ಅಮ್ಮ ಜಿಪ್ಪು ಎಳೆಯುತ್ತಾಳೆ, ಎದೆಯವರೆಗೆ ಬಂದು ನಿಂತುಬಿಡುತ್ತದೆ. ನಾನು ಎಳೆದರೂ ಇಲ್ಲ. ಒಲೆಯ ಬಿಸಿಯಲ್ಲಿ, ಸೀರೆಯ ಗಡಿಬಿಡಿಯಲ್ಲಿ ಇದೊಂದನ್ನು ಅಂಗಡಿಯಲ್ಲೇ ನೋಡಬೇಕಿತ್ತು. ನನ್ನ ಬೆರಳು ಮರಗಟ್ಟುತ್ತಿದೆ, ನಿಜವಾಗಿ ಹೆದರಿಕೆಯಾಗುತ್ತದೆ. ಅಮ್ಮ ನನ್ನ ಕೈ ಪಕ್ಕಕ್ಕೆ ಸರಿಸಿ ಗ್ಲೌಸು ಬಿಚ್ಚುತ್ತಾಳೆ. ಜಿಪ್ಪನ್ನು ಒಂದು ಗೇಣು ಕೆಳಗಿಳಿಸಿ, ಎಡಗಡೆಯ ಅಂಚನ್ನು ಬಿಗಿಯಾಗಿ ಹಿಡಿದು, ಸ್ವಲ್ಪ ಓರೆಯಾಗಿ ಎಳೆಯುತ್ತಾಳೆ. ಕರಕರ ಎನ್ನುತ್ತ ಅದು ಗಲ್ಲದವರೆಗೆ ಏರುತ್ತದೆ. ಆಮೇಲೆ ಹಿಮದ ಮೇಲೆ ಕಾಲು ನೀಡಿ ಕೂರುತ್ತಾಳೆ. ಗದ್ದೆಯ ಬದುವಿನ ಮೇಲೆ ಕೂತ ಹಾಗೆ, ಸಮಾಧಾನವಾಗಿ. ಮುಕ್ಕಾಲು ಗಂಟೆ ಸಾಕು, ಈ ಎತ್ತರದಲ್ಲಿ ಅವಳನ್ನು ಹೆಚ್ಚು ಹೊತ್ತು ಇರಿಸಿಕೊಳ್ಳುವ ಧೈರ್ಯ ನನಗಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಅಂಗಡಿಗಳ ಸಾಲಿನಲ್ಲಿ ಬೆಳಗಿನದ್ದೆಲ್ಲ ಹಿಂದುಮುಂದಾಗಿ ನಡೆಯುತ್ತಿದೆ. ಬಿಚ್ಚುವವರು, ಎಸೆಯುವವರು, ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಬೂಟು ಕಳಚುವವರು. ಪಕ್ಕದಲ್ಲೆಲ್ಲೋ ಜೋರು ಮಾತು. ಪ್ಯಾಂಟು ಹರಿದಿದೆ, ದುಡ್ಡು ಕೊಡಿ ಎಂದು ಒಬ್ಬರು, ಕೊಡುವಾಗಲೇ ಹರಿದಿತ್ತು ಎಂದು ಇನ್ನೊಬ್ಬರು. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ. ಬೆಳಿಗ್ಗೆ ಕೊಡುವಾಗಲೇ ಒಂದು ಚೀಟಿಯಲ್ಲಿ ಹರಕು ಬರೆದುಕೊಟ್ಟರೆ, ಅಥವಾ ನಾವೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಇಷ್ಟು ದೊಡ್ಡ ಬೆಟ್ಟ ನೋಡಿ ಬಂದವರು ಇಷ್ಟು ಚಿಕ್ಕದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ನಮ್ಮ ಅಂಗಡಿಯಮ್ಮ ಜಗಳದ ಕಡೆ ತಿರುಗಿಯೂ ನೋಡದೆ ಕೆಲಸದಲ್ಲಿದ್ದಾರೆ. ಬಂದ ಕೋಟನ್ನು ಒಳಗು ಹೊರಗು ಮಾಡಿ, ಒದ್ದೆ ಬಟ್ಟೆಯಿಂದ ಕತ್ತಿನ ಭಾಗ, ತೋಳಿನ ತುದಿ ಒರೆಸಿ ಒಲೆಯ ಕಡೆಗೆ ತಿರುಗಿಸಿ ನೇತುಹಾಕುತ್ತಾರೆ. ಇಂಥ ದಪ್ಪ ಬಟ್ಟೆಯನ್ನು ದಿನಾ ಒಗೆದರೆ ನಾಳೆ ಬೆಳಗಿಗೆ ಒಣಗುವುದಿಲ್ಲ. ಅದಕ್ಕೇ ಬಿಸಿಲು, ಬೆಂಕಿ, ಗಾಳಿ. ಬೂಟಿನೊಳಗೆ ಹಳೆ ಪೇಪರು ಉಂಡೆ ಮಾಡಿ ತುರುಕುತ್ತಾರೆ, ತೇವ ಹೀರಲಿ ಎಂದು. ಅಮ್ಮ ಸ್ವಲ್ಪ ಹೊತ್ತು ನೋಡುತ್ತಾಳೆ. ಆಮೇಲೆ ಒಲೆಯ ಪಕ್ಕ ಕೂತು, ತಾನು ಹಾಕಿದ್ದ ಬೂಟಿಗೆ ತಾನೇ ಪೇಪರು ತುಂಬತೊಡಗುತ್ತಾಳೆ. ಅದು ಮುಗಿದ ಮೇಲೆ ಮಗನದ್ದು, ನನ್ನದು, ಆಮೇಲೆ ಯಾರದ್ದೋ. ಡ್ರೈವರು ಹಾರ್ನ್ ಮಾಡುತ್ತಾನೆ. ಅಮ್ಮ ಏಳುವುದಿಲ್ಲ. ಇಬ್ಬರೂ ಮಾತಿಲ್ಲದೆ ಎದುರುಬದುರು ಕೂತು ಪೇಪರು ಹರಿಯುತ್ತಿದ್ದಾರೆ.

ಮರುದಿನ ಗುರುವಾರ ಲಾಹೋಲಿನ ಸಿಸ್ಸುವಿಗೆ ಹೊರಟೆವು, ಅಟಲ್ ಸುರಂಗದ ದಾರಿಯಲ್ಲಿ. 2020ರ ಅಕ್ಟೋಬರ್ 3ರಂದು ತೆರೆದ, 9.02 ಕಿಲೋಮೀಟರ್ ಉದ್ದದ ಆ ಸುರಂಗ ಬರುವ ಮೊದಲು ಚಳಿಗಾಲದ ಆರು ತಿಂಗಳು ಲಾಹೋಲಿನವರಿಗೆ ಈ ಕಡೆಯ ರಸ್ತೆಯೇ ಇರುತ್ತಿರಲಿಲ್ಲ. ಮಗ ಅದರ ಕಥೆಯನ್ನು ಓದಿ ಹೇಳುತ್ತಿದ್ದಾನೆ. ಅಮ್ಮ ಕೇಳುತ್ತಿಲ್ಲ, ಕಿಟಕಿಗೆ ಮುಖ ಒತ್ತಿ ಅಂಗಡಿಗಳ ನಂಬರು ನೋಡುತ್ತಿದ್ದಾಳೆ.

"ನಿಲ್ಲಿಸು, ನಿಲ್ಲಿಸು ಅನ್ನೇ ಅವನಿಗೆ!"

ನಮ್ಮ ಅಂಗಡಿಯ ಮುಂದೆ ಒಂದು ಟೆಂಪೋ ನಿಂತಿದೆ. ಹತ್ತಲು ಹೊರಟ ಹೆಂಗಸೊಬ್ಬರು ಕೆಂಪು ಕೋಟು ತೊಟ್ಟಿದ್ದಾರೆ, ಎದೆಯ ಹತ್ತಿರ ಎರಡೂ ಕೈಯಿಂದ ಏನನ್ನೋ ಎಳೆದಾಡುತ್ತಿದ್ದಾರೆ. ಕಾರು ಪೂರ್ತಿ ನಿಲ್ಲುವ ಮೊದಲೇ ಅಮ್ಮ ಗಾಜು ಇಳಿಸಿ ತಲೆ ಹೊರಗೆ ಹಾಕಿದ್ದಾಳೆ.

"ಇಳಿದು ಹೋಗಿ ಹೇಳೇ ಅವ್ರಿಗೆ. ಅದು ನನ್ನ ಕೋಟು. ಜಿಪ್ಪು ಸೀದಾ ಎಳೆದ್ರೆ ಬರೋದಿಲ್ಲ, ಎಡಗಡೆ ಬಿಗಿ ಹಿಡ್ಕೋಬೇಕು ಅನ್ನು."