ಅಕ್ಕನ ಸರದಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದ ತಾಯಂದಿರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. ಚಳಿ, ಮೌನ, ಮಾತಿಗೆ ಜನವಿಲ್ಲದ ಬೀದಿ. ಸ್ವಯಂ ನಿವೃತ್ತಿ ಪಡೆದು 2024ರ ಜನವರಿಯಲ್ಲಿ ಅಯೋವಾ ರಾಜ್ಯದ ಡಿ ಮೊಯ್ನ್ ಊರಿಗೆ ಹೋದ ನಾನೂ ಅದನ್ನೇ ಹೇಳಬಹುದಿತ್ತು. ಆದರೆ ನಾನು ಅಲ್ಲಿಂದ ಹೊತ್ತು ತಂದದ್ದು ಒಂದು ಬೇಟೆಯ ಅರ್ಜಿಯ ಕಥೆ! ಹುಬ್ಬೇರಿಸಬೇಡಿ. ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ಈಳಿಗೆಮಣೆ ಬಿಟ್ಟು ಏಳುವವಳು ನಾನು.

ಪಕ್ಕದ ಮನೆಯಲ್ಲಿದ್ದಾಕೆ ಅರವತ್ತಾರು ವರ್ಷದ ನಿವೃತ್ತ ನರ್ಸ್. ಗಂಡ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮೊಮ್ಮಗುವಿಗೆ ತಾನೇ ಹೊಲಿದ ಕೌದಿ ತಂದುಕೊಟ್ಟಳು, ನಾನು ಚಕ್ಕುಲಿ ಕೊಟ್ಟೆ. ಅಂದಿನಿಂದ ಮನಸ್ಸಿನಲ್ಲೇ ಅವಳನ್ನು ಅಕ್ಕ ಎಂದು ಕರೆಯತೊಡಗಿದೆ. ಒಂದು ಮಧ್ಯಾಹ್ನ ಕಾಫಿಗೆ ಕರೆದಳು. ಹೋದರೆ ಗೋಡೆಯ ಮೇಲೆ ಮರದ ಕೊಂಬೆಯಂಥ ಕವಲು ಕೊಂಬುಗಳು. ಮೇಜಿನ ಮೇಲೆ ನಕ್ಷೆ, ಒಂದು ಹಳೆಯ ನೋಟುಬುಕ್ಕು, ಕಂಪ್ಯೂಟರ್.

"ಎಲ್ಕ್ ಲೈಸೆನ್ಸಿಗೆ ಅರ್ಜಿ ಹಾಕಬೇಕು, ಫೆಬ್ರವರಿ ಶುರುವಿನಲ್ಲೇ ಕೊನೆಯ ದಿನ" ಎಂದಳು. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣನಂಥ ಜಿಂಕೆ. ಗಂಡು ಮುನ್ನೂರು ಕಿಲೋ ದಾಟುತ್ತದೆ. ಅಷ್ಟು ದೊಡ್ಡ ಕೊಂಬು ಪ್ರತಿವರ್ಷ ಉದುರಿ ಮತ್ತೆ ಬೆಳೆಯುತ್ತದಂತೆ.

ನನ್ನ ಮುಖ ನೋಡಿಯೇ ಅವಳಿಗೆ ಅರ್ಥವಾಗಿರಬೇಕು. ನಿಧಾನವಾಗಿ ಹೇಳಿದಳು. ಲೆಕ್ಕವಿಲ್ಲದೆ ಕೊಂದು ಕೊಂದು, 1900ರ ಹೊತ್ತಿಗೆ ಇಡೀ ಖಂಡದಲ್ಲಿ ಒಂದು ಲಕ್ಷ ಎಲ್ಕ್‌ಗಳೂ ಉಳಿದಿರಲಿಲ್ಲ. ಆಮೇಲೆ ಕಾನೂನು ಬಂತು. ಈಗ ಸುಮಾರು ಹತ್ತು ಲಕ್ಷ ಇವೆ. ಯಾವ ಪ್ರದೇಶದಲ್ಲಿ ಆ ವರ್ಷ ಎಷ್ಟು ಹೊಡೆಯಬಹುದೆಂದು ಸರಕಾರವೇ ನಿಗದಿ ಮಾಡುತ್ತದೆ. ಕೇಳುವವರು ಹೆಚ್ಚು, ಲೈಸೆನ್ಸು ಕಡಿಮೆ. ಆದ್ದರಿಂದ ಲಾಟರಿ.

ಅಯೋವಾದಲ್ಲಿ ಎಲ್ಕ್ ಬೇಟೆ ಇಲ್ಲ. ಅಕ್ಕ ಅರ್ಜಿ ಹಾಕುತ್ತಿದ್ದುದು ಪಶ್ಚಿಮದ ವ್ಯೋಮಿಂಗ್ ರಾಜ್ಯಕ್ಕೆ. ಅದರ ರಾಜಧಾನಿಯೇ ಅಲ್ಲಿಂದ ಸಾವಿರ ಕಿಲೋಮೀಟರ್, ಬೆಂಗಳೂರಿನಿಂದ ಮುಂಬೈಗೆ ಹೋದ ಹಾಗೆ. ಅಲ್ಲಿಗೆ ಅವಳು ಹೊರಗಿನವಳು. ಹೊರಗಿನವರಿಗೆ ಎಲ್ಲ ಕಡೆಯೂ ಕಷ್ಟವೇ ಅನ್ನಿ. ಸೀಮಿತ ಲೈಸೆನ್ಸುಗಳಲ್ಲಿ ನೂರಕ್ಕೆ 84 ಸ್ಥಳೀಯರಿಗೆ, 16 ಹೊರಗಿನವರಿಗೆ. ಶುಲ್ಕ 692 ಡಾಲರ್, ಅರ್ಜಿಗೆ ಬೇರೆ 15. ಹೆಚ್ಚು ದುಡ್ಡು ಕೊಡುವವರಿಗೆ 1,950 ಡಾಲರಿನ ಪ್ರತ್ಯೇಕ ಸಾಲು! ಸಂರಕ್ಷಿತ ದಟ್ಟಾರಣ್ಯಕ್ಕೆ ಹೊರಗಿನವರು ಮಾರ್ಗದರ್ಶಕನಿಲ್ಲದೆ ಬೇಟೆಗೆ ಹೋಗುವಂತಿಲ್ಲ.

ಈ ಲಾಟರಿಯಲ್ಲಿ ಒಂದು ನ್ಯಾಯವಿದೆ. ಹೊರಗಿನವರು ವರ್ಷಕ್ಕೆ 52 ಡಾಲರ್ ಕಟ್ಟಿ ಒಂದು ಅಂಕ ಕೂಡಿಡಬಹುದು. ಹೊರಗಿನವರ ಪಾಲಿನಲ್ಲಿ ನೂರಕ್ಕೆ 75 ಲೈಸೆನ್ಸು ಹೆಚ್ಚು ಅಂಕವಿದ್ದವರಿಗೆ. ಉಳಿದ 25 ಮಾತ್ರ ಅದೃಷ್ಟಕ್ಕೆ. ಲೈಸೆನ್ಸು ಸಿಕ್ಕಿತೋ, ಅಂಕ ಸೊನ್ನೆ. ಎರಡು ವರ್ಷ ಒಟ್ಟಿಗೆ ಸುಮ್ಮನಿದ್ದರೂ ಎಲ್ಲ ಹೋಯಿತು.

ಗಂಡಹೆಂಡತಿ ಇಬ್ಬರೂ ಜೊತೆಯಾಗಿ ಅರ್ಜಿ ಹಾಕುತ್ತಿದ್ದರು. 2015ರಲ್ಲಿ ಸಿಕ್ಕಿತ್ತು, ಗೋಡೆಯ ಕೊಂಬು ಆ ವರ್ಷದ್ದು. ಮಾಂಸ ಎರಡು ಚಳಿಗಾಲಕ್ಕೆ ಬಂದಿತ್ತಂತೆ. ಮರುವರ್ಷದಿಂದ ಮತ್ತೆ ಒಂದೊಂದೇ ಅಂಕ. ಆತ ಆಸ್ಪತ್ರೆಯಲ್ಲಿದ್ದಾಗಲೂ ಇಬ್ಬರ ಹಣ ಕಟ್ಟಿದ್ದಳು. ಆತ ಹೋದ ಮೇಲೆ ಆತನ ಅಂಕಗಳೂ ಹೋದವು. ಇನ್ನೊಬ್ಬರ ಹೆಸರಿಗೆ ಬರುವುದಿಲ್ಲ, ಹೆಂಡತಿಗೂ ಇಲ್ಲ. ನೋಟುಬುಕ್ಕಿನಲ್ಲಿ ಎರಡು ಸಾಲು: ಅವಳದರಲ್ಲಿ ಎಂಟು ಗೀಟು, ಅವನದರಲ್ಲಿ ಏಳಕ್ಕೇ ನಿಂತಿತ್ತು.

"ಎಂಟು ಅಂಕಕ್ಕೆ ಈ ಪ್ರದೇಶ ಈ ಸಲ ಸಿಕ್ಕೇ ಸಿಗುತ್ತದೆ. ಹಳೆಯ ವರ್ಷಗಳ ಲೆಕ್ಕ ಸರಕಾರವೇ ಪ್ರಕಟಿಸುತ್ತದೆ, ನೋಡು" ಎಂದಳು. "ಆದರೆ..."

ಆದರೆ ಮಗಳ ಮಗ, ಹದಿನಾಲ್ಕರ ಹುಡುಗ, ಆಗಷ್ಟೇ ಬೇಟೆಯ ಸುರಕ್ಷತಾ ತರಗತಿ ಮುಗಿಸಿದ್ದ. ತಾತ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದನಂತೆ. ಅವನ ಅಂಕ ಸೊನ್ನೆ. ಜೊತೆ ಅರ್ಜಿಯಲ್ಲಿ ಸರಾಸರಿ ತೆಗೆಯುತ್ತಾರೆ. ಎಂಟು ಮತ್ತು ಸೊನ್ನೆ ಸೇರಿದರೆ ನಾಲ್ಕು. ಸಿಕ್ಕರೆ ಇಬ್ಬರಿಗೂ, ಇಲ್ಲದಿದ್ದರೆ ಇಬ್ಬರಿಗೂ ಇಲ್ಲ. ಒಬ್ಬಳೇ ಹಾಕಿದರೆ ಹೆಚ್ಚುಕಡಿಮೆ ಖಚಿತ. ಅವಳ ಮೊಣಕಾಲು ಇನ್ನೆಷ್ಟು ವರ್ಷ ಬೆಟ್ಟ ಹತ್ತೀತು?

"ಒಬ್ಬರೇ ಹಾಕಿಬಿಡಿ" ಎಂದಳು ನನ್ನ ಮಗಳು, ಮಗುವನ್ನು ತಟ್ಟುತ್ತ. ಈ ಕಾಲದ ಮಕ್ಕಳಿಗೆ ಲೆಕ್ಕ ಚುರುಕು.

ನಾನು ಸುಮ್ಮನೆ ಕುಳಿತಿದ್ದೆ. ನನ್ನೆದುರು ಬೇರೊಂದು ಪಟ್ಟಿ ಬಿಚ್ಚಿಕೊಂಡಿತ್ತು. 1994ರಲ್ಲಿ ನಾನು ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಗೆ ಸೇರಿದಾಗ ನಮ್ಮವರ ಕೆಲಸ ಶಿವಮೊಗ್ಗದಲ್ಲಿ. ಒಂಬತ್ತು ವರ್ಷ ವರ್ಗಾವಣೆಗೆ ಅರ್ಜಿ ಹಾಕಿದೆ. ತಿಂಗಳಿಗೊಮ್ಮೆ ಬರುವ ಅಪ್ಪನನ್ನು ಕಂಡು ಈ ಮಗಳೇ ಬಾಗಿಲ ಹಿಂದೆ ಅಡಗುತ್ತಿದ್ದಳು. ಕೊನೆಗೆ ವಿಭಾಗ ಬಿಟ್ಟು ವಿಭಾಗಕ್ಕೆ ಬರಬಹುದೆಂದಾಯಿತು, ಆದರೆ ಸೇವಾ ಜ್ಯೇಷ್ಠತೆ ಬಿಟ್ಟುಕೊಡಬೇಕು. ಒಂಬತ್ತು ವರ್ಷದ ಸೇವೆಯಿದ್ದೂ ಹೊಸ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ. "ಹುಚ್ಚೇನ್ರೀ ನಿಮಗೆ? ಮುಖ್ಯೋಪಾಧ್ಯಾಯಿನಿ ಆಗಬೇಕಾದವರು" ಎಂದರು ಸಹೋದ್ಯೋಗಿಗಳು. ಸಹಿ ಮಾಡಿದೆ. ಮುಖ್ಯೋಪಾಧ್ಯಾಯಿನಿ ಆಗಲೇ ಇಲ್ಲ. ನನಗಿಂತ ಚಿಕ್ಕವರು ಆದಾಗ ಹೊಟ್ಟೆಯಲ್ಲಿ ಸ್ವಲ್ಪ ಉರಿದದ್ದು ನಿಜ, ಸುಳ್ಳು ಹೇಳಲಾರೆ. ಆದರೆ ಮಗಳು ಅಪ್ಪನ ಸೈಕಲ್ಲಿನ ಮೇಲೆ ಶಾಲೆಗೆ ಹೋದಳು.

ಇದನ್ನೆಲ್ಲ ನನ್ನ ಬಿ.ಎಡ್. ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದೆ. ಮಗಳು ತಲೆ ತಗ್ಗಿಸಿದಳು. ಅಕ್ಕ ನನ್ನ ಕೈಹಿಡಿದು, "ಆ ಬೆಟ್ಟದ ಮೇಲೆ ಒಬ್ಬಳೇ ಕೂತು ಯಾರ ಜೊತೆ ಮಾತಾಡಲಿ?" ಎಂದಳು. ಹುಡುಗನ ಹೆಸರು ಸೇರಿಸಿದಳು. ಒಂದು ಗುಂಡಿ ಒತ್ತಿದ್ದಷ್ಟೇ; ಎಂಟು ನಾಲ್ಕಾಯಿತು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಸಿಕ್ಕಿರಲಿಲ್ಲ. ಲೈಸೆನ್ಸಿನ ಹಣ ವಾಪಸು, ಅರ್ಜಿಯ ಹಣ ಇಲ್ಲ. ನಾನು ಉಪ್ಪಿಟ್ಟು ಮಾಡಿಕೊಂಡು ಸಮಾಧಾನ ಹೇಳಲು ಹೋದರೆ ಅವಳು ಮೊಮ್ಮಗನೊಡನೆ ಫೋನಿನಲ್ಲಿ ನಗುತ್ತಿದ್ದಳು. ಜುಲೈಯಲ್ಲಿ ಇಬ್ಬರಿಗೂ ಒಂದೊಂದು ಅಂಕ ಕೊಳ್ಳುವುದಂತೆ. ನೋಟುಬುಕ್ಕಿನಲ್ಲಿ ಗಂಡನ ಸಾಲಿನ ಕೆಳಗೆ ಹುಡುಗನ ಹೆಸರು ಬರೆದಾಗಿತ್ತು.

2025ರಲ್ಲೂ ಅವರಿಗೆ ಬರಲಿಲ್ಲವೆಂದು ಮಗಳು ಫೋನು ಮಾಡಿ ಹೇಳಿದಳು. ಒಂಬತ್ತು ಮತ್ತು ಒಂದು, ಸರಾಸರಿ ಐದು. ಹುಡುಗ ಅಜ್ಜಿಗಿಂತ ಎತ್ತರವಾಗಿದ್ದಾನಂತೆ. ವಾರಕ್ಕೊಮ್ಮೆ ಬಂದು ಅವಳನ್ನು ನಡೆಯಲು ಕರೆದೊಯ್ಯುತ್ತಾನಂತೆ, ಬೆಟ್ಟಕ್ಕೆ ಕಾಲು ಸಿದ್ಧವಾಗಲೆಂದು.

ಸಂಜೆ ದೀಪ ಹಚ್ಚುವಾಗ ಅವರ ನೆನಪಾಗುತ್ತದೆ. ಏನೆಂದು ಬೇಡಲಿ? ಆ ಮೂಕಪ್ರಾಣಿಯ ಕಣ್ಣೂ ಮುಂದೆ ಬರುತ್ತದೆ, ಅಕ್ಕನ ಮೊಣಕಾಲೂ. ಕೊನೆಗೆ ಬೇಡಿಕೊಳ್ಳುವುದು ಇಷ್ಟು: ಬೇಗ ಅವರ ಸರದಿ ಬರಲಿ, ಅಜ್ಜಿ ಮೊಮ್ಮಗ ಬೆಟ್ಟ ಹತ್ತಲಿ, ಗುರಿ ಮಾತ್ರ ಒಂಚೂರು ತಪ್ಪಲಿ.