ನಾಯಿಯೊಡನೆ ನಾಡು ನೋಡಿದವನು

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಗಾದೆಯನ್ನು ಮಕ್ಕಳಿಗೆ ಪ್ರಬಂಧದ ವಿಷಯವಾಗಿ ಕೊಡದ ಶಾಲೆ ಕನ್ನಡನಾಡಿನಲ್ಲಿ ಇರಲಾರದು. ಆದರೆ ಕೋಶಗಳನ್ನು ತಾನೇ ಬರೆದು ಲೋಕವಿಖ್ಯಾತನಾದವನೊಬ್ಬನು ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ತಾನು ಬರೆಯುತ್ತಿರುವ ದೇಶವನ್ನು ಕಣ್ಣಾರೆ ಕಂಡು ಇಪ್ಪತ್ತೈದು ವರ್ಷಗಳಾದುವಲ್ಲಾ, ಈವರೆಗೆ ಬರೆದುದೆಲ್ಲ ಬರಿಯ ನೆನಪಿನ ಬಲದಿಂದಲ್ಲವೇ ಎಂದು ಬೆಚ್ಚಿ ಎದ್ದು ಹೊರಟ ವೃತ್ತಾಂತವು ಆ ಗಾದೆಗೆ ಒಂದು ವಿಚಿತ್ರ ವ್ಯಾಖ್ಯಾನದಂತಿದೆ. ಅವನೇ ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. ನೆಲವನ್ನು ಕಳೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದ ಒಕ್ಕಲಮಕ್ಕಳ ಸಂಕಟವನ್ನು 1939ರಲ್ಲಿ ‘ದಿ ಗ್ರೇಪ್ಸ್ ಆಫ್ ರಾಥ್’ ಎಂಬ ಕಾದಂಬರಿಯಾಗಿ ಬರೆದವನು. ಹೆಸರಿನ ಕೊನೆಯಲ್ಲಿ ‘ಬೆಕ್’ ಎಂದಿದ್ದರೂ ಅವನು ಸಂಗಡ ಕರೆದೊಯ್ದುದು ನಾಯಿಯನ್ನು.

ಹಿಂದಿನ ಚಳಿಗಾಲದಲ್ಲಿ ಅವನಿಗೆ ತೀವ್ರವಾದ ಕಾಯಿಲೆಯಾಗಿತ್ತು. ಇನ್ನು ಮೆಲ್ಲಗೆ ನಡೆ, ಮೆಲ್ಲಗೆ ಉಣ್ಣು, ಭಾರ ಎತ್ತಬೇಡ ಎಂಬ ವೈದ್ಯರ ಉಪದೇಶವು ಅವನಿಗೆ ಪಥ್ಯವಾಗಲಿಲ್ಲ. ಮುಕ್ಕಾಲು ಟನ್ ಭಾರ ಹೊರುವ ಸಣ್ಣ ಲಾರಿಯೊಂದನ್ನು ತರಿಸಿ, ಅದರ ಬೆನ್ನಿನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿದನು. ಇಂತಹ ವಾಹನಕ್ಕೆ ಕ್ಯಾಂಪರ್ ಎಂದು ಹೆಸರು. ಅದರಲ್ಲಿ ಮಂಚ, ಒಲೆ, ಶೀತಕಪಾಟು, ದೀಪ, ಸೊಳ್ಳೆ ಬಾರದಂತೆ ಜಾಲರಿ ಹಾಕಿದ ಕಿಟಕಿ, ಎಲ್ಲವೂ ಇದ್ದುವು. ಮುಚ್ಚಳವಿದ್ದ ದೊಡ್ಡ ಬಕೆಟ್ಟೊಂದನ್ನು ರಬ್ಬರು ಹಗ್ಗದಿಂದ ಒಳಗೆ ತೂಗುಹಾಕಿ, ಅದಕ್ಕೆ ಕೊಳೆಬಟ್ಟೆ, ನೀರು, ಸೋಪಿನ ಪುಡಿ ತುಂಬಿಬಿಟ್ಟರೆ, ದಿನವೆಲ್ಲ ರಸ್ತೆಯ ಕುಲುಕಾಟಕ್ಕೆ ಬಟ್ಟೆ ತಾನಾಗಿಯೇ ಒಗೆದುಹೋಗುತ್ತಿತ್ತು. ವಾಹನಕ್ಕೆ ಅವನಿಟ್ಟ ಹೆಸರು ರೊಸಿನಾಂಟೆ. ಗಾಳಿಯಂತ್ರಗಳನ್ನು ರಾಕ್ಷಸರೆಂದು ಬಗೆದು ಯುದ್ಧಕ್ಕೆ ಹೋದ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರದು. ತನ್ನ ಯಾತ್ರೆಯನ್ನು ಕಂಡು ಜನ ನಗುವ ಮೊದಲೇ ತಾನೇ ನಕ್ಕುಬಿಡುವ ಜಾಣತನ ಈ ಹೆಸರಿನಲ್ಲಿದೆ.

ಹೊರಡುವ ಮೊದಲೇ ವಿಘ್ನ ಬಂದಿತು. 1960ರ ಸೆಪ್ಟೆಂಬರಿನಲ್ಲಿ ‘ಡಾನಾ’ ಎಂಬ ಚಂಡಮಾರುತವು ನ್ಯೂಯಾರ್ಕಿಗೆ ಸಮೀಪದ ಲಾಂಗ್ ಐಲೆಂಡಿನ ಸ್ಯಾಗ್ ಹಾರ್ಬರಿಗೆ, ಅಂದರೆ ಅವನ ಮನೆಬಾಗಿಲಿಗೇ, ಬಂದು ಅಪ್ಪಳಿಸಿತು. ಭಾರ ಎತ್ತಬಾರದೆಂದು ವೈದ್ಯರಿಂದ ಕಟ್ಟಳೆಯಾಗಿದ್ದ ಈ ಮಹಾಶಯನು ಎದೆಮಟ್ಟದ ನೀರಿಗಿಳಿದು, ಇತರ ದೋಣಿಗಳ ತಾಕಲಾಟದಿಂದ ತನ್ನ ದೋಣಿಯನ್ನು ಬಿಡಿಸಿ, ಕೊಲ್ಲಿಯ ನಡುವೆ ಲಂಗರು ಹಾಕಿ, ಮತ್ತೆ ನೀರಿಗೆ ಧುಮುಕಿ ದಡ ಸೇರಿದನು. ಸೆಪ್ಟೆಂಬರ್ 23ರಂದು ಯಾತ್ರೆ ಹೊರಟಿತು.

ಜೊತೆಗಾರನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಚಾರ್ಲಿಯು ಪ್ಯಾರಿಸ್ಸಿನ ಹೊರವಲಯದ ಬೆರ್ಸಿಯಲ್ಲಿ ಹುಟ್ಟಿದ ಪೂಡಲ್ ಜಾತಿಯ ನಾಯಿ. ವಯಸ್ಸು ಸುಮಾರು ಹತ್ತು. ನಾಯಿಗಳ ಲೆಕ್ಕದಲ್ಲಿ ಯಜಮಾನನಿಗಿಂತ ಹಿರಿಯನೇ. ಫ್ರೆಂಚ್ ಭಾಷೆಯಲ್ಲಿ ಹೇಳಿದರೆ ಥಟ್ಟನೆ ತಿಳಿಯುತ್ತಿತ್ತು; ಇಂಗ್ಲಿಷಿನಲ್ಲಿ ಹೇಳಿದರೆ ಮನಸ್ಸಿನಲ್ಲಿಯೇ ಅನುವಾದ ಮಾಡಿಕೊಳ್ಳುವಷ್ಟು ತಡವಾಗುತ್ತಿತ್ತೆಂದು ಯಜಮಾನನ ದೂರು. ಈ ನಾಯಿಯು ಅವನಿಗೆ ರಾಯಭಾರಿಯಾಯಿತು. ಈಶಾನ್ಯದ ಮೇನ್ ಸಂಸ್ಥಾನದಲ್ಲಿ ಆಲೂಗೆಡ್ಡೆ ಅಗೆಯಲೆಂದು ಕೆನಡಾದಿಂದ ಬಂದಿದ್ದ ಫ್ರೆಂಚ್ ಮಾತಿನ ಕೂಲಿಕುಟುಂಬವೊಂದು ಬಿಡಾರ ಹೂಡಿತ್ತು. ಅಪರಿಚಿತರ ಬಿಡಾರಕ್ಕೆ ತಾನಾಗಿ ನುಗ್ಗುವುದು ಹೇಗೆ? ಚಾರ್ಲಿಯನ್ನು ಬಿಟ್ಟುಬಿಡುವುದು, ಅದು ಅವರ ಒಲೆಯ ಬಳಿಗೆ ಹೋಗಿ ನಿಲ್ಲುವುದು, ‘ನಮ್ಮ ನಾಯಿಯಿಂದ ತೊಂದರೆಯಾಯಿತೇನೋ’ ಎಂದು ಕ್ಷಮೆ ಕೇಳುತ್ತ ಹಿಂದೆಯೇ ಹೋಗುವುದು, ಅಷ್ಟರಲ್ಲಿ ಮಾತು ಹುಟ್ಟಿರುವುದು. ಆ ರಾತ್ರಿ ಕೂಲಿಕಾರರೆಲ್ಲ ರೊಸಿನಾಂಟೆಯ ಇಕ್ಕಟ್ಟಿನಲ್ಲಿ ಕುಳಿತು ಅವನ ಆತಿಥ್ಯವನ್ನು ಸ್ವೀಕರಿಸಿದರು.

ಆದರೆ ರಾಯಭಾರಿಯೇ ನಯಾಗರಾ ಜಲಪಾತದ ಬಳಿ ಅಡ್ಡಿಯಾದನು. ಕೆನಡಾದ ನೆಲವನ್ನು ಹಾಯ್ದು ಹತ್ತಿರದ ದಾರಿಯಿಂದ ಮಿಷಿಗನ್ ಸೇರಬೇಕೆಂಬುದು ಸ್ಟೈನ್‌ಬೆಕ್ಕನ ಲೆಕ್ಕಾಚಾರ. ಗಡಿಯಲ್ಲಿದ್ದ ಕೆನಡಾದ ಅಧಿಕಾರಿ ಸೌಜನ್ಯದಿಂದಲೇ ಕೇಳಿದನು: ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ ಪ್ರಮಾಣಪತ್ರ ಇದೆಯೇ? ಇರಲಿಲ್ಲ. ‘ನಾವು ಬಿಟ್ಟೇವು, ಆದರೆ ನಿಮ್ಮವರು ನಿಮ್ಮ ನಾಯಿಯನ್ನು ಮರಳಿ ಒಳಕ್ಕೆ ಬಿಡುವುದಿಲ್ಲ’ ಎಂದನಾತ. ಹಿಂದಿರುಗಿದರೆ ಸ್ವದೇಶದ ಸುಂಕದವರು, ನೀನು ದೇಶ ಬಿಟ್ಟು ಹೋಗಿದ್ದೆಯಲ್ಲವೆ ಎಂದು ವಿಚಾರಣೆಗೆ ನಿಲ್ಲಿಸಿದರು. ಸ್ವರ್ಗದ್ವಾರದಲ್ಲಿ ಇಂದ್ರನು ನಾಯಿಗೆ ಪ್ರವೇಶವಿಲ್ಲವೆಂದಾಗ, ಹಾಗಾದರೆ ಸ್ವರ್ಗವೇ ಬೇಡವೆಂದ ಧರ್ಮರಾಯನ ನೆನಪು ಇಲ್ಲಿ ಯಾರಿಗೆ ಬಾರದು? (ಕುಮಾರವ್ಯಾಸನ ಕಾವ್ಯವು ಗದಾಪರ್ವಕ್ಕೇ ನಿಲ್ಲುವುದರಿಂದ ಆ ಪ್ರಸಂಗ ಅಲ್ಲಿ ದೊರೆಯದು, ಮುಂದಿನ ಪರ್ವಗಳನ್ನು ಕನ್ನಡಿಸಿದ ತಿಮ್ಮಣ್ಣಕವಿಯ ಬಳಿಗೆ ಹೋಗಬೇಕು.) ಧರ್ಮರಾಯನ ಬಳಿಯೂ ಪ್ರಮಾಣಪತ್ರ ಇರಲಿಲ್ಲ. ಆದರೆ ಅವನ ನಾಯಿ ಯಮಧರ್ಮನೇ ಆಗಿದ್ದಿತು; ಚಾರ್ಲಿ ಬರಿಯ ನಾಯಿ. ಬರಿಯ ನಾಯಿಗಾಗಿ ದಾರಿ ಬದಲಿಸಿ, ಈರಿ ಸರೋವರದ ದಕ್ಷಿಣಕ್ಕೆ ಬಳಸಿಕೊಂಡು ಹೋದವನ ಔದಾರ್ಯವೂ ಅಲ್ಪವೇನಲ್ಲ.

ಯೆಲ್ಲೋಸ್ಟೋನ್ ಅಭಯಾರಣ್ಯದಲ್ಲಿ ನಡೆದುದು ಇನ್ನೂ ಸೋಜಿಗ. ಕರಡಿಗಳಿವೆ, ನಾಯಿಯನ್ನು ಹಿಡಿದುಕೊಳ್ಳಿ ಎಂದು ಕಾವಲುಗಾರ ಎಚ್ಚರಿಸಿದಾಗ, ನಮ್ಮ ಚಾರ್ಲಿ ಸಾತ್ವಿಕ, ಬೆಕ್ಕನ್ನೂ ಅಟ್ಟುವವನಲ್ಲ ಎಂದು ಯಜಮಾನನು ಜಂಭ ಕೊಚ್ಚಿಕೊಂಡನು. ಒಂದು ಮೈಲಿ ಸಾಗುವುದರೊಳಗೆ ರಸ್ತೆಯ ಬದಿಯಲ್ಲಿ ಕರಡಿ ಕಾಣಿಸಿತು. ಸಾತ್ವಿಕ ಚಾರ್ಲಿ ಹಲ್ಲು ಕಿರಿದು, ಕಿರುಚಿ, ಗಾಜನ್ನು ಒಡೆದು ಹೊರಕ್ಕೆ ನೆಗೆಯುವಂತೆ ಹುಚ್ಚೆದ್ದನು. ಲೋಕಪ್ರಸಿದ್ಧವಾದ ಬಿಸಿನೀರಿನ ಬುಗ್ಗೆಗಳನ್ನು ನೋಡುವುದಂತೂ ದೂರವೇ ಉಳಿಯಿತು. ಗಾಡಿಯನ್ನು ತಿರುಗಿಸಿ ಓಡುವುದಾಯಿತು.

ಪ್ರವಾಸಕಥನಗಳಲ್ಲಿ ಸಾಮಾನ್ಯವಾಗಿ ಊರುಗಳ ವರ್ಣನೆ ಮುಂದು, ಕಷ್ಟಗಳು ಹಿಂದು. ಇಲ್ಲಿ ಅದು ತಿರುಗುಮುರುಗಾಗಿದೆ. ರೊಸಿನಾಂಟೆ ಸುಗಮವಾಗಿ ಓಡಿದ ಹೆದ್ದಾರಿಗಳ ಬಗ್ಗೆ ಅವನಿಗೆ ಹೇಳಲು ಹೆಚ್ಚೇನೂ ಇಲ್ಲ. ಅದು ನಿಂತಲ್ಲೆಲ್ಲ ಮನುಷ್ಯರು ಸಿಕ್ಕಿದರು. ಒರೆಗಾನ್ ಸಂಸ್ಥಾನದಲ್ಲಿ ಮಳೆ ಸುರಿಯುತ್ತಿದ್ದ ಒಂದು ಭಾನುವಾರ ಹಿಂಬದಿಯ ಟೈರು ಸಿಡಿಯಿತು. ಬೇಕಾದುದಕ್ಕಿಂತ ನಾಲ್ಕು ಪಾಲು ಸಾಮಾನು ತುಂಬಿಕೊಂಡು ಹೊರಟುದರ ಫಲವದು. ಕೆಸರಿನಲ್ಲಿ ಅಂಗಾತ ಮಲಗಿ ಚಕ್ರ ಬದಲಿಸುವಾಗ, ಇನ್ನೊಂದು ಟೈರೂ ಉಬ್ಬಿ ಒಡೆಯುವ ಸ್ಥಿತಿಯಲ್ಲಿರುವುದು ಕಂಡಿತು. ಮೆಲ್ಲಮೆಲ್ಲನೆ ತೆವಳಿಸಿಕೊಂಡು ಒಂದು ಪೆಟ್ರೋಲ್ ಬಂಕಿಗೆ ಬಂದರೆ, ಅಲ್ಲಿದ್ದವನು ಮುಖದ ತುಂಬ ಗಾಯದ ಗುರುತುಗಳ, ಒಂದು ಕಣ್ಣು ಬೆಳ್ಳಗಾದ ದೈತ್ಯ. ನೋಡಿದರೇ ಹೆದರಿಕೆ ಹುಟ್ಟಿಸುವ ಆಕಾರ. ಆ ದೈತ್ಯನೇ ಅಂಗಡಿಗಳೆಲ್ಲ ಮುಚ್ಚಿದ್ದ ಆ ದಿನ ಊರೂರಿಗೆ ಫೋನು ಮಾಡಿ, ಯಾರನ್ನೋ ಎಬ್ಬಿಸಿ, ಆ ಗಾತ್ರದ ಎರಡು ಟೈರುಗಳನ್ನು ತರಿಸಿಕೊಟ್ಟನು. ಅವನಿಗೆ ಸ್ಟೈನ್‌ಬೆಕ್ಕನು ಕೊಟ್ಟಿರುವ ಆಶೀರ್ವಾದವನ್ನು ಓದಿದವರು, ನಮ್ಮ ಸ್ವಾಮಿಗಳವರ ಆಶೀರ್ವಚನಕ್ಕೇನೂ ಅದು ಕಡಿಮೆಯಿಲ್ಲವೆಂದಾರು.

ಚಾರ್ಲಿಗೆ ಮೂತ್ರ ಕಟ್ಟಿ ನರಳತೊಡಗಿದುದು ಅದಕ್ಕಿಂತ ಮುಂಚೆ. ಪರ್ವತದ ನಡುವೆ, ನಡುರಾತ್ರಿ, ಹತ್ತಿರ ಊರಿಲ್ಲ, ವೈದ್ಯನಿಲ್ಲ. ಬಾಯಿಬಾರದ ಪ್ರಾಣಿಯ ನೋವನ್ನು ನೋಡುತ್ತ ಕುಳಿತವನ ಅಸಹಾಯಕತೆಯನ್ನು ಆ ಪುಟಗಳಲ್ಲಿ ಓದಬೇಕು. ಮರುದಿನ ಸ್ಪೋಕೇನ್ ನಗರದಲ್ಲಿ ಸಿಕ್ಕ ಪಶುವೈದ್ಯನ ಕೈ ಹಿಂದಿನ ರಾತ್ರಿಯ ಕುಡಿತದಿಂದ ನಡುಗುತ್ತಿತ್ತು. ಮುದಿಯಾಗಿದೆ ಎಂದಷ್ಟೇ ಹೇಳಿ ಅವನು ಉದಾಸೀನನಾದನು. ಬಹುದಿನಗಳ ಮೇಲೆ, ಟೆಕ್ಸಾಸಿನ ಅಮರಿಲ್ಲೋ ಎಂಬಲ್ಲಿ ತರುಣ ವೈದ್ಯನೊಬ್ಬನು ನಾಲ್ಕು ದಿನ ಇಟ್ಟುಕೊಂಡು ಗುಣಪಡಿಸಿದನು. ಇಬ್ಬರದೂ ಒಂದೇ ವಿದ್ಯೆ. ನಾಯಿಯ ಮೈಮೇಲೆ ಕೈಯಿಟ್ಟ ರೀತಿಯಲ್ಲಿಯೇ ಅವರಿಬ್ಬರ ಅಂತರವನ್ನು ಅವನು ತೋರಿಸಿದ್ದಾನೆ.

ಇಷ್ಟೆಲ್ಲ ನಡೆದದ್ದೇ ಎಂಬ ಪ್ರಶ್ನೆಯೂ ಎದ್ದಿದೆ. ‘ಟ್ರ್ಯಾವೆಲ್ಸ್ ವಿತ್ ಚಾರ್ಲಿ’ ಎಂಬ ಹೆಸರಿನ ಈ ಗ್ರಂಥ 1962ರಲ್ಲಿ ಹೊರಬಂದಿತು. ಅದೇ ವರ್ಷ ಲೇಖಕನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಯಾತ್ರೆ ನಡೆದ ಐವತ್ತು ವರ್ಷಗಳ ಬಳಿಕ, 2010ರಲ್ಲಿ, ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತನು ಅದೇ ದಾರಿಯಲ್ಲಿ ಸಾಗಿ, ಪತ್ರಗಳನ್ನೂ ಹಸ್ತಪ್ರತಿಯನ್ನೂ ಶೋಧಿಸಿ, ಸ್ಟೈನ್‌ಬೆಕ್ಕನು ಅನೇಕ ರಾತ್ರಿಗಳನ್ನು ಒಳ್ಳೆಯ ಹೋಟೆಲುಗಳಲ್ಲಿ ಕಳೆದನೆಂದೂ, ಪಶ್ಚಿಮದ ಕರಾವಳಿಯಲ್ಲಿ ಅವನ ಪತ್ನಿ ಜೊತೆಗಿದ್ದುದನ್ನು ಗ್ರಂಥವು ಮರೆಮಾಚಿದೆಯೆಂದೂ ಎತ್ತಿ ತೋರಿಸಿದನು. 2012ರ ಆವೃತ್ತಿಯ ಮುನ್ನುಡಿಯು ಇದನ್ನು ಅಕ್ಷರಶಃ ನಿಜವೆಂದು ಓದಬಾರದೆಂದು ಒಪ್ಪಿಕೊಂಡಿತು. ಕವಿಗೆ ಉತ್ಪ್ರೇಕ್ಷೆಯ ಅಧಿಕಾರವನ್ನು ನಮ್ಮ ಅಲಂಕಾರಿಕರು ಕೊಟ್ಟಿದ್ದಾರೆ, ದಿಟ. ಆದರೆ ಏಕಾಂಗಿಯೆಂದು ಹೇಳಿಕೊಂಡು ಸಹಧರ್ಮಿಣಿಯನ್ನು ಪುಟಗಳಿಂದ ಅಳಿಸುವುದಕ್ಕೆ ಯಾವ ಅಲಂಕಾರಶಾಸ್ತ್ರವೂ ಲಕ್ಷಣ ಹೇಳಿಲ್ಲ. ಅಷ್ಟರ ಮಟ್ಟಿಗೆ ಅವನು ದೋಷಿಯೇ. ಆದರೆ ಯಾತ್ರೆಯ ಕೊನೆಯಲ್ಲಿ ಅವನು ಕಂಡುದು ಯಾವ ಕವಿಯೂ ಕಟ್ಟಿದ ಕಥೆಯಲ್ಲ. ಅದಕ್ಕೆ ಇತಿಹಾಸವೇ ಸಾಕ್ಷಿ.

1960ರ ನವೆಂಬರ್ 14ರಂದು ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ನ್ಯಾಯಾಲಯದ ಆಜ್ಞೆಯಂತೆ, ಬಿಳಿಯರ ಶಾಲೆಗಳ ಬಾಗಿಲು ಮೊದಲ ಬಾರಿಗೆ ಕರಿಯ ಮಕ್ಕಳಿಗೆ ತೆರೆಯಿತು. ಒಂದು ಶಾಲೆಗೆ ಮೂವರು ಹುಡುಗಿಯರು, ಇನ್ನೊಂದಕ್ಕೆ ಒಬ್ಬಳೇ. ಅವಳ ಹೆಸರು ರೂಬಿ ಬ್ರಿಜಸ್, ವಯಸ್ಸು ಆರು. ಬಿಳಿಯ ಹೆಂಗಸರ ಗುಂಪೊಂದು ಪ್ರತಿದಿನವೂ ಶಾಲೆಯ ಮುಂದೆ ನೆರೆದು ಕೂಗಾಡುತ್ತಿತ್ತು. ಪತ್ರಿಕೆಗಳು ಅವರಿಗೆ ‘ಚಿಯರ್ ಲೀಡರ್ಸ್’ ಎಂದು ಹೆಸರಿಟ್ಟಿದ್ದುವು. ರೊಸಿನಾಂಟೆಯನ್ನೂ ಚಾರ್ಲಿಯನ್ನೂ ದೂರದಲ್ಲಿ ಬಿಟ್ಟು ಸ್ಟೈನ್‌ಬೆಕ್ಕನು ಟ್ಯಾಕ್ಸಿಯಲ್ಲಿ ಅಲ್ಲಿಗೆ ಹೋದನು. ಗಾಡಿ ನಿಲ್ಲಿಸುವಲ್ಲಿ ಇದ್ದವನು, ಪಕ್ಕದಲ್ಲಿ ಕುಳಿತ ಕಪ್ಪುಬಣ್ಣದ ನಾಯಿಯನ್ನು ನೋಡಿ, ಕರಿಯನನ್ನು ಕೂರಿಸಿಕೊಂಡಿದ್ದೀರೆಂದು ತಿಳಿದೆನೆಂದು ನಕ್ಕನಂತೆ. ದಕ್ಷಿಣದಲ್ಲಿ ಮತ್ತೆ ಮತ್ತೆ ಅದೇ ನಗೆಚಾಟಿಕೆ ಅವನ ಕಿವಿಗೆ ಬಿದ್ದಿತು. ಹಾವಿನಹಾಳ ಕಲ್ಲಯ್ಯನವರು ಕುಲಗರ್ವಿಗಳ ಮುಂದೆ ನಾಯಿಯ ಬಾಯಿಂದ ವೇದವನ್ನೋದಿಸಿದರೆಂಬ ಐತಿಹ್ಯವನ್ನು ಕೇಳಿ ಬೆಳೆದವರಿಗೆ, ಆ ನಗೆಯ ಹಿಂದಿನ ಗರ್ವ ಯಾವ ಬಗೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಬಿಳಿಯ ಗರಿಗರಿ ಲಂಗ ತೊಟ್ಟ ಪುಟ್ಟ ಹುಡುಗಿಯನ್ನು ಎತ್ತರದ ಸರಕಾರಿ ಕಾವಲುಗಾರರು ನಡುವಿಟ್ಟುಕೊಂಡು ಕರೆತಂದರು. ಹೆಂಗಸರು ಅರಚಿದರು. ಮಕ್ಕಳನ್ನು ಹೆತ್ತ ತಾಯಂದಿರ ಬಾಯಲ್ಲಿ ಬಂದ ಆ ಮಾತುಗಳನ್ನು ಪತ್ರಿಕೆಗಳು ಅಚ್ಚು ಹಾಕಲಿಲ್ಲ. ಸ್ಟೈನ್‌ಬೆಕ್ಕನಿಗೆ ಹೊಟ್ಟೆ ತೊಳಸಿತು; ಊಟಕ್ಕೆ ಪ್ರಸಿದ್ಧವಾದ ಆ ನಗರದಲ್ಲಿ ಊಟ ಮಾಡಲಾರದೆ ಹೊರಟುಹೋದನು. ಅವನು ಕಾಣದೆ ಹೋದುದು ಶಾಲೆಯ ಒಳಗಿನ ದೃಶ್ಯ. ಬಿಳಿಯರು ತಮ್ಮ ಮಕ್ಕಳನ್ನು ಹಿಂದಕ್ಕೆ ಕರೆಸಿಕೊಂಡುದರಿಂದ ರೂಬಿಯ ತರಗತಿಯಲ್ಲಿ ಬೇರೆ ಮಗುವೇ ಇರಲಿಲ್ಲ. ಬಾಸ್ಟನ್ನಿನಿಂದ ಬಂದಿದ್ದ ಬಾರ್ಬರಾ ಹೆನ್ರಿ ಎಂಬ ಉಪಾಧ್ಯಾಯಿನಿ, ಆ ಒಂದು ಮಗುವಿಗಾಗಿ, ತುಂಬಿದ ತರಗತಿಗೆ ಕಲಿಸುವಂತೆ ಇಡೀ ವರ್ಷ ಪಾಠ ಹೇಳಿದರು. ಜಾತಿ ಕೇಳದೆ ಅನ್ನವನ್ನೂ ಅಕ್ಷರವನ್ನೂ ಕೊಡುವ ಮಠಗಳ ನೆರಳಿನಲ್ಲಿ ಓದಿದವರು ಇದನ್ನು ಹೊರದೇಶದ ಸುದ್ದಿಯೆಂದು ಪಕ್ಕಕ್ಕಿಡುವಂತಿಲ್ಲ. ಶಾಲೆಯ ಜಗಲಿಯ ಮೇಲೆ, ಮಿಕ್ಕ ಮಕ್ಕಳಿಂದ ದೂರ ಕುಳಿತು, ಕಿಟಕಿಯಿಂದ ಪಾಠ ಕೇಳಿದ ಮಕ್ಕಳು ನಮ್ಮ ಊರುಗಳಲ್ಲಿಯೂ ಇದ್ದರು.

ನ್ಯೂ ಆರ್ಲಿಯನ್ಸ್ ಬಿಟ್ಟ ಮೇಲೆ ಅವನಿಗೆ ನೋಡುವ ಉತ್ಸಾಹ ಉಳಿಯಲಿಲ್ಲ. ದಾರಿಯಲ್ಲಿ ಹತ್ತಿಸಿಕೊಂಡ ಕರಿಯ ಮುದುಕನೊಬ್ಬನು, ಈ ಬಿಳಿಯ ತನ್ನನ್ನು ಏಕೆ ಮಾತನಾಡಿಸುತ್ತಿದ್ದಾನೆಂದು ಹೆದರಿ, ಮನೆ ಇನ್ನೂ ದೂರವಿರುವಾಗಲೇ ಇಳಿದುಹೋದನು. ವರ್ಜೀನಿಯಾದ ಅಬಿಂಗ್ಡನ್ ಸಮೀಪದಲ್ಲಿ ಯಾತ್ರೆ ತನ್ನೊಳಗೆ ಮುಗಿದುಹೋಯಿತೆಂದು ಅವನೇ ಬರೆದಿದ್ದಾನೆ. ಆಮೇಲಿನದು ಬರಿಯ ರಸ್ತೆ. ಸುಮಾರು 10,000 ಮೈಲಿಗಳನ್ನು ಸುತ್ತಿ ನ್ಯೂಯಾರ್ಕ್ ಸೇರಿದಾಗ ಸಂಜೆಯ ವಾಹನಸಂದಣಿ. ಮನೆಗೆ ಹೋಗುವ ದಾರಿಯೇ ತಪ್ಪಿ, ತಿರುಗಬಾರದಲ್ಲಿ ಗಾಡಿ ತಿರುಗಿಸಿ, ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟನು. ಏನಾಯಿತೆಂದು ಪೊಲೀಸಿನವನು ಬಂದು ಕೇಳಿದರೆ, ದೇಶವನ್ನೆಲ್ಲ ಸುತ್ತಿ ಬಂದೆ, ಈಗ ಸ್ವಂತ ಊರಿನಲ್ಲಿ ದಾರಿ ತಪ್ಪಿದೆ ಎಂದು ಹೇಳುತ್ತ ನಗತೊಡಗಿದನು. ಪೊಲೀಸಿನವನೂ ನಕ್ಕು, ಅವನಿಗೆ ಮನೆಯ ದಾರಿ ತೋರಿಸಿದನು.